ಬಾಯಿ ತಾಗಿದ ಕಲ್ಲು

“ಲೇ ಸತ್ಯಾ, ಹಲ್ಕಟ್ಟ ಸೂಳೆಮಗನ! ಆ ಹೊಸ್ತಲಾ ದಾಟಬ್ಯಾಡ ಅಂತ ಎಷ್ಟ ಸರತಿ ಹೇಳಬೇಕಲೇ? ದೇವರ ಮನಿ ಅದು. ಮ್ಯಾಲಿಂದ ಇಳಿ!”

ಎತ್ತಿದ ಕಾಲನ್ನು ಸತ್ಯಪ್ಪ ಹಿಂದಕ್ಕೆ ತೆಗೆದುಕೊಂಡ. ಅವನು ನನ್ನ ಸಣ್ಣ ಮಾವ, ಗಂಡನ ಚಿಕ್ಕಪ್ಪ, ನಮ್ಮ ಹನ್ನೊಂದು ಜನರ ಗ್ಯಾಂಗಿನ ಮೇಸ್ತ್ರಿ, ಅರವತ್ತು ದಾಟಿದವನು. ಬೈದವನು ಧಣಿ ರಾವಸಾಹೇಬ. ಅವನಿಗೆ ನನ್ನಷ್ಟೇ ವಯಸ್ಸು, ಅಂದರೆ ನಲವತ್ತು. ಹುಕ್ಕೇರಿಯ ಹಳೇ ಪೇಟೆಯಲ್ಲಿರುವ ಇನಾಮದಾರರ ವಾಡೆ ಅವನದು. ಅದನ್ನು ಬಿಚ್ಚಿಸಲು ನಮ್ಮನ್ನು ಕರೆಸಿದವನೂ ಅವನೇ. ಮನೆಯನ್ನು ಬುಡಸಮೇತ ಕಿತ್ತು ಹಾಕಬೇಕು, ಆದರೆ ಹೊಸ್ತಿಲನ್ನು ಮಾತ್ರ ನಾವು ದಾಟಬಾರದು.

ಸರಿ, ಏಣಿ ಹಾಕಿ ಮಾಳಿಗೆ ಏರಿದೆವು. ಮೇಲಿನ ಮಣ್ಣು ಕೆರೆದು, ಜಂತಿ ಸರಿಸಿ, ಹಗ್ಗ ಹಿಡಿದು ದೇವರ ನೆತ್ತಿಯ ಮೇಲಿಂದಲೇ ಒಳಗೆ ಇಳಿದೆವು. ದೇವರೇನೂ ಅನ್ನಲಿಲ್ಲ. ನಾಲ್ಕು ದಿನಕ್ಕೆ ಆ ಕೋಣೆಯ ಮಾಳಿಗೆ ಹೋಯಿತು, ಗೋಡೆ ಹೋಯಿತು. ಬಯಲಿನ ನಡುವೆ ಅರಿಸಿನ ಮೆತ್ತಿದ ಹೊಸ್ತಿಲು ಒಂದೇ ಉಳಿಯಿತು. ಬುಟ್ಟಿ ಹೊತ್ತ ಹನ್ನೊಂದು ಜನ ಅದನ್ನು ಸುತ್ತು ಹಾಕಿಕೊಂಡು ಓಡಾಡುತ್ತಿದ್ದುದನ್ನು ನೀವು ನೋಡಬೇಕಿತ್ತು. ನನಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೂ ಬೈಸಿಕೊಂಡೆ.

ವಾಡೆಯ ಜಾಗದಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಏಳುತ್ತದೆಯಂತೆ. ಕೆಳಗೆ ಮೊಬೈಲ್ ಅಂಗಡಿ, ಮೇಲೆ ಕೋಚಿಂಗ್ ಕ್ಲಾಸು. ಗೋಕಾಕದಲ್ಲಿ ಇಂಥ ಎರಡು ವಾಡೆಗಳನ್ನು ಜೆಸಿಬಿ ಒಂದೇ ಮುಂಜಾನೆಯಲ್ಲಿ ನುಂಗಿ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಇದಕ್ಕೆ ಮಾತ್ರ ಬೇರೆ ಯೋಗ. ಗೋವಾ ರಸ್ತೆಯ ಒಂದು ರಿಸಾರ್ಟಿನವರು ಇದನ್ನು ಕಂಬ, ತೊಲೆ, ಕಲ್ಲು ಸಮೇತ ಕೊಂಡಿದ್ದರು. ಇಲ್ಲಿ ಬಿಚ್ಚಿ, ಅಲ್ಲಿ ಇದ್ದಂತೆಯೇ ನಿಲ್ಲಿಸಬೇಕು. ಒಡೆಯುವ ಕೈ ಎಲ್ಲರಿಗೂ ಉಂಟು, ಬಿಚ್ಚುವ ಕೈ ಈ ತಾಲೂಕಿನಲ್ಲಿ ನಮ್ಮ ಗ್ಯಾಂಗಿಗೊಂದೇ.

ಇಲ್ಲಿ ಒಂದು ನಿಜ ಹೇಳಬೇಕು. ಆ ವಾಡೆ ಎಂದರೆ ನನಗೆ ಜೀವ. ಸಣ್ಣವಳಿದ್ದಾಗ ಪಾಟಿಚೀಲ ಹೊತ್ತು ಸಾಲಿಗೆ ಹೋಗುವಾಗ ದೊಡ್ಡ ಬಾಗಿಲು ತೆರೆದಿದ್ದರೆ ಸಾಕು, ರಸ್ತೆಯ ಆಚೆ ನಿಂತುಬಿಡುತ್ತಿದ್ದೆ. ಇಪ್ಪತ್ನಾಲ್ಕು ಸಾಗವಾನಿ ಕಂಬ. ಒಂದೊಂದರ ತಲೆಯ ಮೇಲೂ ತೊಲೆ ಹೊರುವ ಬೋದಿಗೆ, ಬೋದಿಗೆಯ ಎರಡು ತುದಿಗೆ ಕೆತ್ತಿದ ಎರಡು ಗಿಳಿ. ಆ ಮರಗಳನ್ನು ದಡ್ಡಿ ಊರಿನ ಹತ್ತಿರ ಹೊಳೆ ದಾಟಿಸಿ ಹೆಗಲ ಮೇಲೆ ತಂದವರು ನಮ್ಮ ಕೇರಿಯ ಹಿರಿಯರು. ತಂದು ಬಾಗಿಲ ಮುಂದೆ ಇಳಿಸಿದರು, ಅಷ್ಟೇ. ಒಳಗೆ ನಿಂತ ಮೇಲೆ ಆ ಕಂಬಗಳು ಹೇಗೆ ಕಂಡವೆಂದು ಅವರಿಗೆ ಗೊತ್ತಿಲ್ಲ. ಒಳಗೆ ನಿಂತ ಕಂಬಗಳನ್ನು ಮುಟ್ಟಿ ನೋಡಿದವರಲ್ಲಿ ನಮ್ಮ ಕೇರಿಯ ಮೊದಲನೆಯವಳು ನಾನು. ಅಂದು ಗಿಳಿಯ ಕೊಕ್ಕಿನ ಮೇಲೆ ಬೆರಳಾಡಿಸುತ್ತ ಕಣ್ಣು ತುಂಬಿ ಬಂದವು. ಯಾಕೆಂದು ನಿಮಗೆ ಬಿಡಿಸಿ ಹೇಳಲಾರೆ.

ಹತ್ತನೇ ಇಯತ್ತೆ ಪಾಸಾದವಳು ಗ್ಯಾಂಗಿನಲ್ಲಿ ನಾನೊಬ್ಬಳೇ. ಆದ್ದರಿಂದ ನಂಬರು ಬರೆಯುವ ಕೆಲಸ ನನ್ನದು. ಕಂಬಗಳೆಲ್ಲ ನೋಡಲು ಒಂದೇ ಥರ. ಆದರೆ ಕೈಯಿಂದ ಕೊರೆದವು. ಒಂದು ಕಂಬದ ತಲೆಯ ಗೂಟ ಅದರದೇ ಬೋದಿಗೆಯ ತೂತಿನಲ್ಲಿ ಮಾತ್ರ ಕೂರುತ್ತದೆ. ಅದಲು ಬದಲಾದರೆ ಇಡೀ ವಾಡೆ ಸೌದೆಯ ರಾಶಿ. ಪೇಂಟು ಹಚ್ಚಿದರೆ ಸಾಗವಾನಿ ಕೆಡುತ್ತದೆಂದು ರಿಸಾರ್ಟಿನವರು ಸುಣ್ಣದಲ್ಲಿ ಬರೆಸಿದರು. ಸುಣ್ಣದ ನಂಬರು ಅವರಿಗೆ. ಅದರ ಜೊತೆಗೆ ಗೂಟದ ಬದಿಯಲ್ಲಿ ಸತ್ಯಪ್ಪ ಉಳಿಯಿಂದ ಸಣ್ಣ ಗೀರು ಹಾಕುತ್ತಾನೆ, ಅದು ನಮಗೆ. ಆ ಗೀರು ಅವನಿಗೂ ನನಗೂ ಬಿಟ್ಟರೆ ಹುಟ್ಟಿಸಿದ ದೇವರಿಗೂ ಓದಲು ಬಾರದು.

ರಿಸಾರ್ಟಿನ ಕಡೆಯಿಂದ ದೀಪಾ ಎಂಬ ಇಂಜಿನಿಯರ್ ಹುಡುಗಿ ಬೆಳಗಾವಿಯಿಂದ ದಿನಾ ಬರುತ್ತಿದ್ದಳು. ಒಳ್ಳೆಯವಳು. ನಮ್ಮ ಜೊತೆ ಕುಳಿತು ಚಹಾ ಕುಡಿಯುತ್ತಿದ್ದಳು, ಅದೂ ನಮ್ಮ ಗ್ಲಾಸಿನಲ್ಲಿಯೇ. ಹೊರಗೋಡೆಯನ್ನು ಬಿಚ್ಚುವ ದಿನ ಅವಳು ಒಂದು ಕಲ್ಲಿನ ಮುಂದೆ ಕುಣಿದಾಡಿದಳು. ಗೋಕಾಕದ ಕೆಂಗಲ್ಲು, ಮೂರು ಮೊಳ ಉದ್ದ, ನಡುವೆ ಕಾಲುವೆಯಂತೆ ಕೊರೆದದ್ದು. ಗೋಡೆಯಲ್ಲಿ ತೂರಿಕೊಂಡು ಒಳಗಿನ ಅರ್ಧ ವಾಡೆಯಲ್ಲಿ, ಹೊರಗಿನ ಅರ್ಧ ಬೀದಿಗೆ ಚಾಚಿಕೊಂಡಿತ್ತು.

“ಎಷ್ಟ ಚಂದ ಐತ್ರಿ ಇದು! ಏನಿದು ಸರ್?”

“ಅದಾ? ಗೋಮುಖ,” ಎಂದ ರಾವಸಾಹೇಬ. “ನಮ್ಮ ಅಜ್ಜಾರ ಕಾಲದಾಗ ಬಂದ ಅತಿಥಿಗೋಳು ಕಾಲ ತೊಳಕೊಂಡ ಒಳಗ ಬರಲಿ ಅಂತ ಮಾಡಿಸಿದ್ದು. ಭಾಳ ದೊಡ್ಡ ಮನಸಿನ ಮಂದಿ ಅವ್ರು.”

ರೊಟ್ಟಿ ಗಂಟು ತಂದು ಬೇಲಿಯ ಹತ್ತಿರ ಕುಳಿತಿದ್ದ ನನ್ನ ಅತ್ತೆ, ಅಂದರೆ ಸತ್ಯಪ್ಪನ ಅಣ್ಣನ ಹೆಂಡತಿ ರಾಯವ್ವ ಅಲ್ಲಿಂದಲೇ ಕೇಳಿದಳು.

“ಯಾ ಅತಿಥಿ?”

ಎಪ್ಪತ್ತೆರಡರ ಮುದುಕಿ. ತನ್ನ ಗುಡಿಸಲು ಸುಟ್ಟು ಹೋದಾಗಲೂ ದನಿ ಎತ್ತಿದವಳಲ್ಲ. ಎದ್ದು ಬಂದು ಕಲ್ಲಿನ ಎದುರು ನಿಂತಳು.

“ಅತಿಥಿ ನಾನ. ಶೆಗಣಿ ಬಳದು ಮುಗಿಸಿ ಇಲ್ಲಿ ಬೊಗಸಿ ಹಿಡದ ಕುಂದರತಿದ್ವಿ. ಒಳಗ ನಿಂತು ತಂಬಗಿಲೆ ನೀರ ಸುರೀತಿದ್ರು. ಅವ್ರ ಮಾರಿ ನಮಗ ಕಾಣತಿದ್ದಿಲ್ಲ, ನಮ್ಮ ಮಾರಿ ಅವರಿಗಿ ಕಾಣತಿದ್ದಿಲ್ಲ. ಕಲ್ಲಿಗಿ ಬಾಯಿ ತಾಗಸಬಾರದು. ನಮ್ಮಕ್ಕ ಸತ್ತೆವ್ವ ತಾಗಿಸಿದ್ಲು.”

“ಏ ಮುದುಕಿ, ಸುಮ್ನ ಹೋಗ ಆಕಡೆ,” ಎಂದ ಧಣಿ.

ಅವಳು ಹೋಗಲಿಲ್ಲ. ಅವನ ಕಡೆ ನೋಡಲೂ ಇಲ್ಲ. ದೀಪಾಗೆ ಹೇಳಿದಳು.

“ಜ್ವರಾ ಬಂದಿತ್ರಿ ಆಕಿಗಿ. ಕೈ ನಡಗಿ ಬೊಗಸ್ಯಾಗ ನೀರ ನಿಲ್ಲಲಿಲ್ಲ, ಬಾಯಿ ಹಚ್ಚಿದ್ಲು. ಹನ್ನೆರಡ ವರ್ಷದ ಕೂಸು. ಇವ್ರಜ್ಜ ನಮ್ಮಪ್ಪನ್ನ ಕರಿಸಿದ. ತನ್ನ ಕಾಲಾನ ಕೆರಾ ಬಿಟ್ಟು, ‘ಹಿಡಿ, ನಿನ್ನ ಮಗಳ ಬಾಯಿಗಿ ನೀನ ಹೊಡಿ’ ಅಂದ. ನಮ್ಮಪ್ಪ ಹೊಡದ್ರಿ. ತುಟಿ ಹರದ ರಕ್ತ ಬರೂತನಕ ಹೊಡದ. ಆಮ್ಯಾಲ ಕಲ್ಲ ತೊಳಿಸಿದ್ರು, ಅದೂ ನಮ್ಮಪ್ಪನ ಕೈಲೆ. ಸತ್ತೆವ್ವ ಮರತ್ಲು. ನಮ್ಮಪ್ಪ ಮರೀಲಿಲ್ಲ. ಸಾಯೂತನಕ ಆಕೀ ಮಾರಿ ನೋಡಿ ಮಾತಾಡಲಿಲ್ಲ ಅಂವ.”

ಹದಿನೆಂಟು ವರ್ಷ ಅವಳ ಸೊಸೆಯಾಗಿದ್ದೇನೆ, ಈ ಮಾತು ನನಗೂ ಹೊಸದು. ಸತ್ಯಪ್ಪ ಸುತ್ತಿಗೆಯನ್ನು ಕೆಳಗಿಟ್ಟಿದ್ದ.

“ಅಕ್ಕಾರ, ಅಲ್ಲಿ ರಿಸಾರ್ಟನ್ಯಾಗ ಈ ಕಲ್ಲಿಗೊಂದ ಬೋರ್ಡ ಬರಸ್ತೀರಂತ,” ಎಂದಳು ಅತ್ತೆ. “ಅದರಾಗ ನಮ್ಮಕ್ಕನ ಹೆಸರ ಬರಸ್ರಿ. ಮತ್ತೇನ ಬ್ಯಾಡ.”

“ಹೊಲಗೇರಿ ಹೆಸರ ನನ್ನ ಮನಿ ಕಲ್ಲಿನ ಮ್ಯಾಲ?” ರಾವಸಾಹೇಬ ನಕ್ಕ. “ಸತ್ಯಾ, ನಿಮ್ಮ ವೈನಿಗಿ ತಲಿ ಕೆಟ್ಟೈತಿ, ಮನಿಗಿ ಕರಕೊಂಡ ಹೋಗ.”

ದೀಪಾಳ ಕಣ್ಣು ಒದ್ದೆಯಾಗಿದ್ದವು. ಅತ್ತೆಯ ಕೈ ಹಿಡಿದುಕೊಂಡಳು. “ಅಜ್ಜಿ, ನಿಮ್ಮ ಸಂಕಟ ನನಗ ತಿಳೀತೈತ್ರಿ. ಖರೇನ. ಆದ್ರ ಈ ಕಲ್ಲ ಅಲ್ಲಿ ಊಟದ ಹಾಲ್ ಮುಂದ ಕೈ ತೊಳೆಯಾಕ ಇಡ್ತಾರ. ಮಂದಿ ಖುಷಿಯಾಗಿರಾಕ ಬರ್ತಾರ. ಊಟಕ್ಕ ಹೋಗೂ ಮುಂದ ಇಂಥಾದ್ದ ಓದಿದ್ರ...”

ಊಟ ರುಚಿಸುವುದಿಲ್ಲ. ನಿಜವೇ. ಪಾಪ, ಅಷ್ಟು ದೂರದಿಂದ ಬಂದವರು.

ಮಾರನೆಯ ಮುಂಜಾನೆ ಎರಡು ಲಾರಿ ಬಂದು ನಿಂತವು. ಕಂಬ, ಬೋದಿಗೆ, ತೊಲೆಗಳೆಲ್ಲ ಬಯಲಿನಲ್ಲಿ ಸಾಲಾಗಿ ಮಲಗಿದ್ದವು, ಒಂದೊಂದರ ಮೈಮೇಲೂ ನನ್ನ ಅಕ್ಷರ. ದೀಪಾ ಅಚ್ಚು ಹಾಕಿಸಿದ ಬೋರ್ಡನ್ನೂ ತಂದಿದ್ದಳು. ಹಿತ್ತಾಳೆಯದು, ಫಳಫಳ ಹೊಳೆಯುತ್ತಿತ್ತು. “ಗೋಮುಖ: ಇನಾಮದಾರ ಮನೆತನದ ಅತಿಥಿ ಸತ್ಕಾರದ ಕುರುಹು.” ಅದನ್ನು ಓದುವಾಗ ಬಾಯಲ್ಲಿ ಉಗುಳು ಬಂತು, ನುಂಗಿದೆ. ದೀಪಾ ನನ್ನ ಕಡೆ ತಿರುಗಲಿಲ್ಲ. ಮೊಬೈಲನ್ನು ಕೋಲಿಗೆ ಸಿಕ್ಕಿಸಿ ಚಾಲೂ ಮಾಡುತ್ತಿದ್ದಳು. ಕಲ್ಲಿನಿಂದ ನೀರು ಬೀಳುವ ವಿಡಿಯೋ ಬೇಕಾಗಿತ್ತಂತೆ.

“ಏ ಮುದುಕಿ, ಬಾ ಇಲ್ಲಿ,” ಎಂದು ಧಣಿ ಕರೆದ. “ನಿನಗ ಭಾಳ ರೂಢಿ ಐತೆಲ್ಲ. ಕುಂದರ, ಬೊಗಸಿ ಹಿಡಿ. ಮಾರಿ ಸ್ವಲ್ಪ ನಗೀ ಮಾಡು.”

ಅತ್ತೆ ನಿಂತಲ್ಲೇ ನಿಂತಳು. ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಅದನ್ನು ನೋಡಿದ ಮೇಲೆ ನನಗೆ ಬೇರೆ ಏನೂ ಹೊಳೆಯಲಿಲ್ಲ. ಬಕೆಟ್ಟಿನಲ್ಲಿ ಗೋಣಿತಟ್ಟು ಅದ್ದಿದೆ. ಒಂದನೆಯ ಕಂಬದ ಹತ್ತಿರ ಹೋಗಿ ನಂಬರು ಒರೆಸಿದೆ. ಸುಣ್ಣ ತಾನೆ, ಒಂದೇ ಕೈಗೆ ಹೋಯಿತು. ಎರಡನೆಯದು. ಮೂರನೆಯದು.

ಧಣಿಗೂ ದೀಪಾಳಿಗೂ ತಿಳಿಯುವಷ್ಟರಲ್ಲಿ ಒಂಬತ್ತು ಕಂಬ ಆಗಿದ್ದವು. ಉಳಿದ ಗೋಣಿತಟ್ಟುಗಳನ್ನು ಗ್ಯಾಂಗಿನ ಹೆಂಗಸರು ಆಗಲೇ ಹಂಚಿಕೊಂಡು ಮಿಕ್ಕವನ್ನು ಒರೆಸುತ್ತಿದ್ದರು.

“ಏನ ಮಾಡಾಕತ್ತೀಯವಾ!” ಎಂದು ದೀಪಾ ಚೀರಿದಳು. “ಯಾವುದು ಯಾವುದಕ್ಕ ಅಂತ ಹೆಂಗ ಗೊತ್ತಾಗೂದು?”

“ನಮಗ ಗೊತ್ತೈತ್ರಿ,” ಎಂದೆ. “ಗೀರ ನೋಡಿ ಹೇಳ್ತೇವಿ. ಅಲ್ಲಿಗಿ ಬಂದು ನಾವ ನಿಲ್ಲಸ್ತೇವಿ, ಒಂದ ಗಿಳಿ ಕೊಕ್ಕ ಮುಕ್ಕಾಗಲಾರದಂಗ. ಆದ್ರ ಆ ಕಲ್ಲಿನ ಮ್ಯಾಲ ಸತ್ತೆವ್ವನ ಹೆಸರ ಇರಬೇಕು. ಹೆಸರ ಇಲ್ಲಾ ಅಂದ್ರ ಈ ಕಂಬಾ ಎಲ್ಲಾ ಒಲಿಗಿ ಹಾಕೋರಿ.”

“ಒದ್ದ ಒಳಗ ಹಾಕಸ್ತೇನಿ ನಿಮ್ಮನ್ನ, ಬೋಸುಡಿ ಮಕ್ಕಳ!” ರಾವಸಾಹೇಬ ನನ್ನ ಕಡೆ ನುಗ್ಗಿದ. ನಡುವೆ ಹೊಸ್ತಿಲು ಅಡ್ಡ ಬಂತು, ಎಡವಿ ಅದರ ಮೇಲೆಯೇ ಮುಗ್ಗರಿಸಿದ. ಎದ್ದವನು ಮೊಬೈಲ್ ತೆಗೆದು ಸ್ಟೇಷನ್ನಿಗೆ ಫೋನ್ ಹಚ್ಚಿದ.

“ಕರೀರಿ ಧಣ್ಯಾರ,” ಎಂದ ಸತ್ಯಪ್ಪ. ಕೆಲಸ ಹಿಡಿದಾಗಿನಿಂದ ತುಟಿ ಪಿಟಕ್ಕೆನ್ನದವನು. “ಹೆಂಗೂ ಬರ್ತಾರಲ್ಲ, ಏನೇನ ಬೈದ್ರಿ ಅಂತ ನಾನೂ ಬರಸ್ತೇನಿ. ಈ ಅಕ್ಕಾರ ಮೊಬಾಯಿಲ್‌ದಾಗ ಎಲ್ಲಾ ಹಿಡದೈತಿ.”

ದೀಪಾಳ ಮೊಬೈಲ್ ಕೋಲಿನ ಮೇಲೆ ಇನ್ನೂ ಓಡುತ್ತಲೇ ಇತ್ತು. ಅವಳು ಅದನ್ನು ನೋಡಿದಳು, ಧಣಿಯನ್ನು ನೋಡಿದಳು. ಆರಿಸಲು ಕೈ ಚಾಚಲಿಲ್ಲ. ಧೈರ್ಯವೋ, ಗಾಬರಿಯೋ, ನನಗೆ ತಿಳಿಯದು.

ಸತ್ಯಪ್ಪ ಉಳಿ, ಸುತ್ತಿಗೆ ಹಿಡಿದು ಕೆಂಗಲ್ಲಿನ ಮುಂದೆ ಮೊಣಕಾಲೂರಿದ. ತಾಲೂಕಿನ ಎಷ್ಟೋ ಅಡಿಗಲ್ಲುಗಳ ಮೇಲೆ ಮಂತ್ರಿಗಳ, ಶಾಸಕರ ಹೆಸರು ಕೆತ್ತಿದ ಕೈ ಅದು. ಅಕ್ಷರ ಓದಲು ಬಾರದು, ಬರೆದುಕೊಟ್ಟರೆ ಕೆತ್ತುತ್ತಾನೆ. ನಾನು ಸುಣ್ಣದಲ್ಲಿ ಬೆರಳದ್ದಿ ಮೂರು ಅಕ್ಷರ ದೊಡ್ಡದಾಗಿ ಬರೆದೆ.

“ಇದೇನ?” ಎಂದು ಕೇಳಿದ.

“ಸ, ಮಾವಾ.”

ಮೊದಲ ಏಟು ಬಿತ್ತು. ಲಾರಿಯವರು ಇಳಿದು ಬಂದರು. ಪೇಟೆಯ ಅಂಗಡಿಕಾರರು ಬಾಗಿಲಿಗೆ ಬಂದು ನಿಂತರು. ಯಾರೂ ಬಿಡಿಸಲು ಬರಲಿಲ್ಲ, ಯಾರೂ ನಮ್ಮ ಜೊತೆಗೂ ನಿಲ್ಲಲಿಲ್ಲ. ಗ್ಯಾಂಗಿನ ಹೆಂಗಸರು ಕಲ್ಲಿನ ಸುತ್ತ ಕೈಗೆ ಕೈ ಹಿಡಿದು ನಿಂತರು. ಹೊರಗಿನಿಂದ ಧಣಿಯ ಬೈಗುಳ, ಒಳಗೆ ಉಳಿಯ ಸದ್ದು. ಅತ್ತೆ ಮಾತ್ರ ಕಲ್ಲಿನ ಬದಿಗೆ ಕುಳಿತು ಉಳಿಯ ತುದಿಯನ್ನೇ ನೋಡುತ್ತಿದ್ದಳು.

ಬಸ್‌ಸ್ಟ್ಯಾಂಡಿನ ಕಡೆಯಿಂದ ಪೊಲೀಸ್ ಜೀಪು ತಿರುಗಿದ ಸದ್ದಾಯಿತು. ಕೊನೆಯ ಅಕ್ಷರದ ಒತ್ತು ಇನ್ನೂ ಬಾಕಿಯಿತ್ತು. ಸತ್ಯಪ್ಪ ತಲೆ ಎತ್ತಲಿಲ್ಲ. ಗೀಟುಗಳಲ್ಲಿ ತುಂಬಿದ ಕೆಂಪು ಪುಡಿಯನ್ನು ತೆಗೆಯಲು ಅತ್ತೆ ಬಗ್ಗಿದಳು. ಕೈ ಹಚ್ಚಲಿಲ್ಲ. ಕಲ್ಲಿಗೆ ತುಟಿ ತಾಗಿಸಿ, ಒಂದೊಂದೇ ಅಕ್ಷರವನ್ನು ಊದುತ್ತ ಹೋದಳು.