ಒಂಟಿ ಗಡಿಗೆಯ ಚಿತ್ರ

ಮಣ್ಣು ಜರಡಿ ಹಿಡಿಯುತ್ತ ಕುಳಿತಿದ್ದೆ. ಕಲ್ಲು, ಬೇರು, ಗಾಜಿನ ಚೂರು ಆರಿಸಿ ಬದಿಗಿಟ್ಟು, ನುಣ್ಣನೆಯದನ್ನು ಗೋಣಿತಟ್ಟಿನ ಮೇಲೆ ಸುರಿಯುತ್ತಿದ್ದಾಗ ಫೋನು ಬಂತು. ಕೈ ಒರೆಸಿಕೊಳ್ಳುವಷ್ಟರಲ್ಲಿ ನಿಂತಿತು. ಮತ್ತೆ ಬಂತು. ತೌಸೀಫ.

"ಆಯಿ, ಬರೂ ಐತವಾರ ಸೃಷ್ಟಿ ಆಟಾ ತಗದ ಬಿಡ್ತಾಳಂತ್ರಿ."

"ಎಲ್ಲಿಂದ ತಗೀತಾಳೋ?"

"ಅಂಗಡಿಯಿಂದರಿ. ಆಮ್ಯಾಲ ಯಾರ ಹುಡಿಕಿದ್ರೂ ಸಿಗಂಗಿಲ್ಲ. ನೀವು ಕಾಗದಾ ಬರೀತೀನಿ ಅಂದಿದ್ರಿ, ದೀಪಾವಳಿಗೆ."

"ಬರದೀನೋ."

"ಪೋಸ್ಟಿಗೆ ಹಾಕೀರೇನ್ರಿ?"

ನಾನು ಜರಡಿ ಎತ್ತಿಕೊಂಡೆ. ಅವನು, "ಆತ್ರಿ ಆಯಿ," ಎಂದು ಇಟ್ಟುಬಿಟ್ಟ. ಯುಗಾದಿ ಮುಗಿದು ಹದಿನೈದು ದಿನವಾಗಿತ್ತು.

ಸೃಷ್ಟಿ ನನ್ನ ಮಗಳ ಮಗಳು. ಬೆಳಗಾವಿಯಲ್ಲಿ ಚಿತ್ರಕಲೆ ಓದುವಾಗ ಅಲ್ಲಿನ ಕ್ಯಾಂಪ್ ಪ್ರದೇಶದ ಈ ತೌಸೀಫನ ಪರಿಚಯವಾಯಿತು. ಇಬ್ಬರೂ ಕೂಡಿ ಮೂರು ವರ್ಷ ಒಂದು ಕಂಪ್ಯೂಟರ್ ಆಟ ಮಾಡಿದರು. ಕಂಪ್ಯೂಟರಿನ ಲೆಕ್ಕವೆಲ್ಲ ಅವನದು, ಚಿತ್ರವೆಲ್ಲ ಇವಳದು. ಆಟದ ಹೆಸರು 'ಹಸಿ ಗಡಿಗಿ'. ಇನ್ನೂ ಸುಡದ ಒಂದು ಸಣ್ಣ ಗಡಿಗೆ, ಅದಕ್ಕೆರಡು ಕಾಲು. ಮಳೆ ಹಿಡಿದಿರುತ್ತದೆ. ಹಸಿ ಮಣ್ಣು ಕರಗುವುದರೊಳಗೆ ಅದು ನಮ್ಮ ಖಾನಾಪುರದ ಹಂಚಿನ ಮಾಡುಗಳ ಮೇಲೆ ಒಂದರಿಂದ ಒಂದಕ್ಕೆ ಜಿಗಿಯುತ್ತ, ಗಡಿಗೆ ಸುಡುವ ಆವಿಗೆಯ ಬೆಂಕಿಯನ್ನು ಮುಟ್ಟಬೇಕು. ಅಷ್ಟೇ ಆಟ. ನನಗೂ ಆಡಿಸಿದ್ದಳು. ನಾನು ಎರಡನೆಯ ಮಾಡಿನಲ್ಲೇ ಕರಗಿಹೋದೆ.

ಇಂಥ ಆಟಗಳನ್ನು ಮಾರುವ ಅಂಗಡಿ ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಸಾವಿರಗಟ್ಟಲೆ ಆಟಗಳು. ಒಂದೊಂದಕ್ಕೂ ಮೇಲೊಂದು ಚಿತ್ರ, ಪುಸ್ತಕದ ಹೊದಿಕೆಯಂತೆ. ಆ ಚಿತ್ರ ನೋಡಿಯೇ ಜನ ಒಳಗೆ ಬರುವುದು.

ಆಟ ಅಂಗಡಿಗೆ ಹೋಗುವ ಮೊದಲು ಆ ಚಿತ್ರ ಬರೆದುಕೊಂಡು ಸೃಷ್ಟಿ ನನಗೆ ತೋರಿಸಲು ಬಂದಿದ್ದಳು. ಅಡಿಗೆಮನೆಯ ನೆಲದ ಮೇಲೆ ಲ್ಯಾಪ್‌ಟಾಪ್ ತೆರೆದಳು. ಕಪ್ಪು ಮೋಡ, ತೊಯ್ದ ಮಾಡಿನ ತುದಿ, ಅದರ ಮೇಲೆ ಒಂದು ಕಾಲೆತ್ತಿ ನಿಂತ ಕೆಂಪು ಗಡಿಗೆ. ಮತ್ತೇನೂ ಇಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು.

"ಒಂದ ಗಡಿಗಿ ಬರೀಬ್ಯಾಡವಾ," ಅಂದೆ ನಾನು. "ನಮ್ಮಲ್ಲಿಂದ ಒಂದ ಗಡಿಗಿ ಯಾವಾಗ ಒಯ್ತಾರ, ಹೇಳು?"

"ಗೊತ್ತೈತಿ ಆಯಿ. ಸತ್ತಾಗ."

"ಮದಿವಿಗೆ?"

"ಐದ. ಬಣ್ಣಾ ಬರಸ್ಕೊಂಡು, ಬಾಜಾ ಬಜಂತ್ರಿ ಕೂಡ ಒಯ್ತಾರ. ಆದ್ರ ಇದು ಆಟದ ಗಡಿಗಿ. ಒಂಟಿ ಇದ್ದರನ ಕಣ್ಣಿಗೆ ಬೀಳತೈತಿ."

"ಕುಂಬಾರ ಮನಿ ಹುಡುಗಿ ಆಗಿ ಹೆಣದ ಗಡಿಗಿ ಮಾರಾಕ ಇಡ್ತಿ? ಮನಿ ಬರಿ, ಮಂದಿ ಬರಿ. ತುಂಬಿದಂಗ ಇರಬೇಕು."

ನನ್ನ ಮಗ ನಾಗಲಿಂಗ ಹೊರಗಿನಿಂದಲೇ ಕೂಗಿದ: "ನನ್ನ ಗಾಡೀನೂ ಹಾಕ, ನಂಬರ ಕಾಣೂ ಹಂಗ!"

"ನಿನ್ನ ಗಾಡಿ ಇನ್ಸೂರನ್ಸ್ ಮುಗದೈತಿ ಮಾಮಾ. ಆಟದಾಗೂ ಪೊಲೀಸರು ಹಿಡದಾರು," ಅಂದಳು ಸೃಷ್ಟಿ.

ಎಲ್ಲರೂ ನಕ್ಕೆವು. ಆ ನಗೆಯಲ್ಲೇ ನಾನು ಅಂದುಬಿಟ್ಟೆ, "ನಿಮ್ಮವ್ವನ್ನೂ ಕುಂದರಸ ಅಲ್ಲೆ."

ಅವಳು ನಗುವುದನ್ನು ನಿಲ್ಲಿಸಿದಳು.

ನನ್ನ ಮಗಳು ಶಿವಬಸವ್ವ ಹೋದಾಗ ಸೃಷ್ಟಿಗೆ ಏಳು ವರ್ಷ. ತಾಯಿಯ ಫೋಟೋ ಅಂತ ಇರುವುದು ಮತದಾರರ ಚೀಟಿಯಲ್ಲಿನದೊಂದೇ. ಅದರಲ್ಲಿ ಅವಳು ನೀರಿನೊಳಗಿಂದ ನೋಡುತ್ತಿರುವಂತಿದ್ದಾಳೆ. ಬದುಕಿದ್ದಾಗ ಅವಳು ಹೋದ ಅತಿ ದೂರದ ಊರು ಧಾರವಾಡ, ಅದೂ ದವಾಖಾನೆಗೆ. ಈ ಚಿತ್ರವನ್ನು ದೇಶದೇಶದವರು ನೋಡುತ್ತಾರೆ ಎಂದು ಸೃಷ್ಟಿ ಹೇಳಿದ್ದಳಲ್ಲ, ಆಗಲೇ ನನಗೆ ಆಸೆ ಹುಟ್ಟಿತ್ತು.

ಇಪ್ಪತ್ತು ದಿನ ಬರೆದಳು. ನಡುನಡುವೆ ಫೋನು ಮಾಡಿ ಕೇಳುವಳು. "ಮೂಗು ಹಿಂಗ ಚೂಪ ಇತ್ತೇನ ಆಯಿ?" "ಇಲ್ಲವಾ, ಮೊಂಡ. ನಿನ್ನ ಮೂಗ ಅದು." ಮುಗಿದಾಗ ಶಿವಬಸವ್ವ ಮಾಡಿನ ನೆತ್ತಿಯ ಮೇಲೆ ಸೆರಗು ಸಿಕ್ಕಿಸಿಕೊಂಡು ಕುಳಿತಿದ್ದಳು, ಜಿಗಿಯುವ ಗಡಿಗೆಯತ್ತ ಕೈ ಚಾಚಿದ್ದಳು. ಸುತ್ತ ನಾನು, ನಮ್ಮೆಮ್ಮೆ, ಪೇರಲ ಗಿಡ, ಮಲಪ್ರಭೆಯ ಸೇತುವೆ, ಆವಿಗೆ, ಕೊನೆಗೆ ನಾಗಲಿಂಗನ ಗಾಡಿ ಕೂಡ. ನಾನು ಮಗಳ ಮುಖ ಮುಟ್ಟಿದೆ. ಗಾಜಿನ ಮೇಲೆ ಮಣ್ಣಿನ ಬೆರಳಚ್ಚು ಮೂಡಿತು. ಸೃಷ್ಟಿ ಒರೆಸಲಿಲ್ಲ.

ಆಟ ಅಂಗಡಿಗೆ ಹೋಯಿತು. ಯಾರೂ ಒಳಗೆ ಬರಲಿಲ್ಲ.

ಯಾಕೆಂದು ತಿಳಿದದ್ದು ದೀಪಾವಳಿಗೆ. ತೌಸೀಫ ಒಬ್ಬನೇ ಬಂದು ಕಟ್ಟೆಯ ಮೇಲೆ ಕುಳಿತು, ಅಂಗಡಿಯ ಪುಟವನ್ನು ಫೋನಿನಲ್ಲಿ ತೆರೆದು ನನ್ನ ಕೈಗಿಟ್ಟ. ಸಾಲುಸಾಲು ಚಿತ್ರ, ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು.

"ಇದರಾಗ ನಮ್ಮದು ಯಾವುದು, ತೋರಸ್ರಿ ಆಯಿ."

ಒಂದು ಹಳದಿ ಕಪ್ಪೆ ಕಂಡಿತು. ಒಂದು ಬಿಳಿ ಮುಖವಾಡ ಕಂಡಿತು. ನೀಲಿ ಕತ್ತಲಲ್ಲಿ ಒಂದು ಕಂದೀಲು ಕಂಡಿತು. ನಮ್ಮದು ಕಾಣಲಿಲ್ಲ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಕೊನೆಗೆ ಅವನೇ ಬೆರಳಿಟ್ಟ ಕಡೆ ರಾಡಿ ನೀರು ಚೆಲ್ಲಿದಂಥ ಕಂದು ಕಲೆಯೊಂದಿತ್ತು. ಹೆಸರು ಇರುವೆ ಸಾಲಿನಂತಿತ್ತು. ನನ್ನ ಮಗಳು ಎಲ್ಲಿರಬಹುದೆಂದು ಹುಡುಕಿದೆ. ಸಾಸಿವೆಯಷ್ಟು ಬೂದಿ ಬಣ್ಣ.

"ಆಕಿ ಮೊದಲಿನ ಒಂಟಿ ಗಡಿಗಿ ಚಿತ್ರಾ ಇನ್ನೂ ಇಟ್ಟಾಳ್ರಿ," ಅಂದ ತೌಸೀಫ. "ಬದಲ್ ಮಾಡು ಅಂದ್ರ ಮಾಡವಲ್ಲಳು. ಅವ್ವನ್ನ ನಾ ಹೆಂಗ ಅಳಸ್ಲಿ, ಆಯಿಗೆ ಏನಂತ ಹೇಳ್ಲಿ ಅಂತಾಳ. ಅವ್ವ ಇರೂ ಚಿತ್ರಾನ ದೊಡ್ಡದು ಛಾಪಿಸಿ ನಿಮಗ ಕಟ್ಟು ಹಾಕಿಸಿ ಕೊಡ್ತೀನ್ರಿ."

"ಗ್ವಾಡಿಗೆ ಹಾಕಿದ್ರ ನಾ ಒಬ್ಬಾಕಿ ನೋಡ್ತೀನಲ್ಲೋ."

ಅವನು ತಲೆ ತಗ್ಗಿಸಿದ. "ಇಲ್ಲೂ ಯಾರೂ ನೋಡವಲ್ಲರ‍್ರಿ ಆಯಿ."

ಅಂದು ಸಂಜೆಯೇ ಫೋನು ಮಾಡಿದ್ದೆ. ಮಾತು ತೆಗೆಯುತ್ತಲೇ ಸೃಷ್ಟಿ, "ಅವ್ವ ಅಲ್ಲೇ ಇರ್ಲಿ ಬಿಡ ಆಯಿ," ಎಂದು ಇಟ್ಟುಬಿಟ್ಟಳು. ಕಾಗದ ಬರೆಯುತ್ತೇನೆಂದು ತೌಸೀಫನಿಗೆ ಹೇಳಿದೆ. ಆಮೇಲೂ ಫೋನಿನಲ್ಲಿ ಆ ವಿಷಯ ಬಂದಾಗಲೆಲ್ಲ ಸೃಷ್ಟಿ ಹಾಗೆಯೇ. ಬೆಳಗಾವಿ ಹತ್ತಿರದ ಪೀರನವಾಡಿಯಲ್ಲಿ ಕೋಣೆ ಹಿಡಿದಿದ್ದಾಳೆ. ಬ್ಯಾನರ್ ಛಾಪಿಸುವ ಅಂಗಡಿಯೊಂದರಲ್ಲಿ ಹುಟ್ಟುಹಬ್ಬದ ಬ್ಯಾನರುಗಳಿಗೆ ಮುಖ ಅಂಟಿಸುತ್ತಾಳೆ, ಒಂದರಲ್ಲಿ ನಲವತ್ತು ಮುಖ. ಆ ಆಟದ ನಂತರ ತನ್ನದೆಂದು ಒಂದು ಗೆರೆಯನ್ನೂ ಎಳೆದಿಲ್ಲ.

ಐವತ್ತು ವರ್ಷ ಸಂತೆಯಲ್ಲಿ ಕುಳಿತವಳು ನಾನು. ರಾಶಿ ಹಿಂದೆ ಇರುತ್ತದೆ. ಮುಂದೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಒಂದೇ ಒಂದು ಗಡಿಗೆ ಇಡುತ್ತೇನೆ, ರಸ್ತೆಯವರಿಗೆ ಕಾಣಲೆಂದು. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದದ್ದನ್ನೇ ಹುಡುಗಿಗೆ ಬೇಡವೆಂದೆ.

ಕಾಗದವನ್ನು ದೀಪಾವಳಿಯ ಮರುದಿನವೇ ಬರೆದಿದ್ದೆ. ಅರಿಷಿಣದ ಡಬ್ಬಿಯ ಕೆಳಗಿಟ್ಟೆ. ನಾಳೆ ಹಾಕುತ್ತೇನೆ, ಸಂತೆ ದಿನ ಹಾಕುತ್ತೇನೆ. ನನ್ನನ್ನು ರಾತ್ರಿ ಶಾಲೆಗೆ ಕೈ ಹಿಡಿದು ಎಳೆದೊಯ್ದವಳು ಶಿವಬಸವ್ವ. ಅವಳು ಕಲಿಸಿದ ಅಕ್ಷರದಲ್ಲೇ ಅವಳನ್ನು ಅಳಿಸೆಂದು ಬರೆದಿದ್ದೆ. ಅದನ್ನು ಪೋಸ್ಟಿನ ಡಬ್ಬಿಗೆ ಹಾಕಲು ಕೈ ಬರಲಿಲ್ಲ.

ಇವತ್ತು ಜರಡಿ ಬಿಟ್ಟೆದ್ದು ತೆಗೆದು ಓದಿದೆ. ಒಂದು ಮೂಲೆ ಹಳದಿಯಾಗಿತ್ತು.

"ಸೃಷ್ಟಿಗೆ ಆಯಿಯ ಆಶೀರ್ವಾದ. ತಪ್ಪು ನನ್ನದು. ನನ್ನನ್ನು ತೆಗೆ, ಎಮ್ಮೆ ತೆಗೆ, ಮಾಮಾನ ಗಾಡಿ ತೆಗೆ. ನಿಮ್ಮವ್ವನನ್ನೂ ತೆಗೆ. ಅವಳು ಅಲ್ಲಿ ಕಾಣುವುದಿಲ್ಲ, ನಾನು ಹುಡುಕಿ ನೋಡಿದೆ. ಒಂದೇ ಗಡಿಗೆ ಇರಲಿ. ಹೆಸರು ದೊಡ್ಡದಾಗಿ ಬರಿ."

ಅದರ ಕೆಳಗೆ ಇವತ್ತು ಒಂದು ಸಾಲು ಸೇರಿಸಿದೆ: "ಆಟ ತೆಗೆಯುವುದಿದ್ದರೂ ತೆಗೆ, ಆದರೆ ಚಿತ್ರ ಬದಲು ಮಾಡಿ ಆಮೇಲೆ ತೆಗೆ."

ಬದಲು ಮಾಡಿದರೂ ಏನೂ ಆಗಲಿಕ್ಕಿಲ್ಲವೆಂದು ತೌಸೀಫ ಆಗಲೇ ಹೇಳಿದ್ದ. ಅಂಗಡಿಯವರು ಹೊಸ ಆಟವನ್ನು ಮೊದಲ ಕೆಲವು ದಿನ ಮುಂದಿಡುತ್ತಾರಂತೆ. ಆ ದಿನಗಳು ಹೋದವು.

ಪೋಸ್ಟಾಫೀಸಿನಲ್ಲಿ ಗುರುಪುತ್ರಪ್ಪ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿದ.

"ಏನ ರೇಣವ್ವಾ, ಅರಿಷಿಣ ಹತ್ತೈತಿ. ಲಗ್ನದ ಕರಿಯೋಲಿ ಏನು?"

"ಅಲ್ಲೋ."

"ಮತ್ತ?"

"ಶನಿವಾರದೊಳಗ ಮುಟ್ಟತೈತೇನು, ಅಷ್ಟ ಹೇಳು."

"ಪೀರನವಾಡಿ ಏನ ಕಾಶಿ ಐತೇನು? ಇವತ್ತಿನ ಚೀಲಾ ಇನ್ನೂ ಕಟ್ಟಿಲ್ಲ. ನಾಳಿ ಇಲ್ಲಾ ನಾಡದು ಮುಟ್ಟತೈತಿ. ಕೊಡ ಇಲ್ಲಿ."

ಕೊಟ್ಟೆ. ಒಂದು ತುದಿ ನನ್ನ ಕೈಯಲ್ಲೇ ಉಳಿದಿತ್ತು. ಅವನು ಎಳೆಯಲಿಲ್ಲ, ನನ್ನ ಮುಖ ನೋಡುತ್ತ ಕಾದ. ನಾನು ಬಿಟ್ಟೆ. ಅವನು ಮುದ್ರೆ ಒತ್ತಿದ. ಸರಿಯಾಗಿ ಮೂಡಲಿಲ್ಲವೆಂದು ಇನ್ನೊಮ್ಮೆ ಒತ್ತಿ, ಬೆಳಗಾವಿಯ ಚೀಲದೊಳಗೆ ಹಾಕಿದ.