ರಾಜಧಾನಿಯ ಅಳಿಯ

ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ ಕಲ್ಯಾಣಪುರದ ಇಗರ್ಜಿಯ ಅಂಗಳದಲ್ಲಿ ಗಂಡಸರು ಸ್ವಲ್ಪ ಹೊತ್ತು ನಿಂತು ಮಾತಾಡುವುದು ವಾಡಿಕೆ. ಮಳೆ, ತೆಂಗಿನಕಾಯಿಯ ದರ, ಯಾರ ಮಗಳು ಯಾರ ಮನೆಗೆ. ಮಾತು ಇಷ್ಟರಲ್ಲೇ ಸುತ್ತುತ್ತಿತ್ತು. ಅಲೆಕ್ಸಾಂಡರರು ತಮ್ಮ ಹಿರಿಮಗಳು ಗ್ಲ್ಯಾಡಿಸಳನ್ನು ಬೊಂಬಾಯಿಗೆ ಕೊಟ್ಟ ಮೇಲೆ ಅಂಗಳದ ಮಾತೇ ಬದಲಾಯಿತು. ಅಲ್ಲಿ ಹಾಲು ಬಾಟಲಿಯಲ್ಲಿ ಬರುತ್ತದಂತೆ. ರೈಲು ನಿಲ್ಲುವಷ್ಟರಲ್ಲಿ ಹತ್ತದಿದ್ದರೆ ಅದು ಯಾರಿಗೂ ಕಾಯುವುದಿಲ್ಲವಂತೆ. ಅಳಿಯನ ಆಫೀಸಿನಲ್ಲಿ ಮೆಟ್ಟಿಲು ಇದ್ದರೂ ಯಾರೂ ಹತ್ತುವುದಿಲ್ಲವಂತೆ, ಒಂದು ಪೆಟ್ಟಿಗೆಯೊಳಗೆ ನಿಂತರೆ ಅದೇ ಮೇಲೆ ಹೋಗುತ್ತದಂತೆ.

ಇದನ್ನೆಲ್ಲ ಬಾಯಿ ಮುಚ್ಚಿ ಕೇಳಬೇಕಾದವರಲ್ಲಿ ಕೆಮ್ಮಣ್ಣಿನ ಜೋಕಿಮರೂ ಒಬ್ಬರು. ಅಲೆಕ್ಸಾಂಡರರು ಅವರಿಗೆ ಚಿಕ್ಕಪ್ಪನ ಮಗ. ಜೋಕಿಮರ ತೋಟ ದೊಡ್ಡದು, ಮನೆ ಹಂಚಿನದು, ಮಗಳು ಒಲಿಂಡಾ ಟೀಚರ್ ಟ್ರೈನಿಂಗ್ ಮುಗಿಸಿದವಳು. ಆದರೆ ಹೇಳುವುದಕ್ಕೆ ಸಂಗತಿಯೇ ಇಲ್ಲ. ಕೆಮ್ಮಣ್ಣಿನ ಹೊಳೆಯಲ್ಲಿ ಎಂತ ನಡೆಯುತ್ತದೆ ಎಂದು ಅಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ಭಾನುವಾರ ಅವರು ಮನೆಗೆ ಬಂದವರೇ ಹೆಂಡತಿ ತೆರೆಸಾಳಿಗೆ ಹೇಳಿದರು: "ಬೊಂಬಾಯಿ ಎಂತ ದೊಡ್ಡದು? ಒಂದು ರಾಜ್ಯದ ರಾಜಧಾನಿ, ಅಷ್ಟೆ. ನಮ್ಮ ಒಲಿಂಡಾಳನ್ನು ಕೊಡುವುದಾದರೆ ಒಂದು ದೇಶದ ರಾಜಧಾನಿಗೇ ಕೊಡುವುದು."

ಆಗ ಒಲಿಂಡಾ ಎರಡು ವರ್ಷದಿಂದ ಕಾರ್ಕಳದ ಶಾಲೆಯಲ್ಲಿ ಕಲಿಸಿಕೊಂಡು ಸೋದರತ್ತೆಯ ಮನೆಯಲ್ಲಿದ್ದಳು. ಮದುವೆಯ ಮಾತು ಶುರುವಾದ್ದರಿಂದ ಅವಳನ್ನು ಊರಿಗೆ ಕರೆಸಿ ಕಲ್ಯಾಣಪುರದ ಶಾಲೆಗೆ ಸೇರಿಸಿದರು. ಅತ್ತೆಯ ಪಕ್ಕದ ಮನೆಯಲ್ಲಿ ಲಿಡ್ವಿನ್ ಎಂಬ ಹುಡುಗನಿದ್ದ; ಕಾರ್ಕಳ ಪೇಟೆಯಲ್ಲಿ ಒಂದು ಬಸ್ ಕಂಪೆನಿಯ ಏಜೆಂಟ್. ಅವಳು ಟ್ರಂಕು ಹಿಡಿದು ಹೊರಟ ದಿನ ಅವನು ಟಿಕೆಟು ಕೊಟ್ಟು, ಕಿಟಕಿಯ ಪಕ್ಕದ ಸೀಟು ತೋರಿಸಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಬಿಸಿಲಿನಲ್ಲಿ ನಿಂತಿದ್ದ. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಸಂಬಂಧ ಕುದುರಿಸುವ ಡೊಮಿನಿಕ್ ಮೊದಲು ತಂದದ್ದು ಪಾಕಿಸ್ತಾನದ ರಾಜಧಾನಿ ಕರಾಚಿಯ ವರನನ್ನು. ದೇಶ ಎರಡಾಗುವ ಮೊದಲೇ ಅಲ್ಲಿ ಹೋಗಿ ನೆಲೆಸಿದ ನಮ್ಮವರೇ. ಹುಡುಗ ಎಡ್ಮಂಡ್, ಬಂದರಿನಲ್ಲಿ ಕ್ಲಾರ್ಕ್. ಜೋಕಿಮರು ಎರಡು ಭಾನುವಾರ ಕರಾಚಿಯ ಬಗ್ಗೆ ಮಾತಾಡಿದರು: ಅಲ್ಲಿ ಮಳೆಯೇ ಇಲ್ಲ, ಕೊಡೆ ಮಾರುವವನು ಉಪವಾಸ ಬೀಳಬೇಕು, ಇತ್ಯಾದಿ. ಮೂರನೆಯ ಭಾನುವಾರ ಅಲೆಕ್ಸಾಂಡರರೇ ಕೇಳಿದರು, "ಅಲ್ಲ ಜೋಕಿಮ್, ಕರಾಚಿಯಿಂದ ರಾಜಧಾನಿ ರಾವಲ್ಪಿಂಡಿಗೆ ಹೋಗ್ತದಂತಲ್ಲ? ಪೇಪರಿನಲ್ಲಿ ಉಂಟು."

ಇತ್ತು. ಸಂಬಂಧ ಅಲ್ಲಿಗೇ ನಿಂತಿತು. ಅದು ಐವತ್ತೊಂಬತ್ತನೆಯ ಇಸವಿ.

ಡೊಮಿನಿಕ್ ಸೋಲುವ ಮನುಷ್ಯನಲ್ಲ. ಕ್ರಿಸ್ಮಸ್ ಕಳೆದು ಸ್ವಲ್ಪ ದಿನಕ್ಕೆ ಮತ್ತೆ ಬಂದ. ಜಗಲಿಯಲ್ಲಿ ಕೂತು, ಎಳನೀರು ಕುಡಿದು, ಮೀಸೆ ಒರೆಸಿಕೊಂಡ.

"ಜೋಕಿಮ್ ಮಾಮ್, ಈ ಸಲ ಪೂರಾ ದೂರ. ಬ್ರೆಜಿಲ್."

"ಅದು ಎಲ್ಲಿ ಉಂಟು?"

"ಭೂಮಿಯ ಆಚೆ ಬದಿ. ಹುಡುಗ ನಮ್ಮ ಕಾಪುವಿನವ, ಬೆಂಜಮಿನ್. ರಿಯೊ ಡಿ ಜನೈರೊದಲ್ಲಿ ಯಾವುದೋ ದೇಶದ ರಾಯಭಾರ ಕಚೇರಿಯಲ್ಲಿ ಟೈಪಿಸ್ಟ್. ಈ ಮೇ ತಿಂಗಳಿಗೆ ರಜೆಯಲ್ಲಿ ಬರ್ತಾನೆ."

"ರಾಜಧಾನಿಯಾ?"

"ಇನ್ನೂರು ವರ್ಷದಿಂದ ರಾಜಧಾನಿ. ರಾಯಭಾರ ಕಚೇರಿ ಮತ್ತೆ ಹಳ್ಳಿಯಲ್ಲಿ ಇರ್ತದಾ?"

ಜೋಕಿಮರು ಆ ವಾರವೇ ಹೈಸ್ಕೂಲಿನ ಲೈಬ್ರರಿಯಿಂದ ದಪ್ಪದ ಒಂದು ಇಂಗ್ಲಿಷ್ ಪುಸ್ತಕ ತರಿಸಿದರು. ಅವರ ಇಂಗ್ಲಿಷು ತೆಂಗಿನಕಾಯಿ ವ್ಯಾಪಾರಕ್ಕೆ ಸಾಕಾಗುವಷ್ಟಿತ್ತು, ಬ್ರೆಜಿಲಿಗೆ ಸಾಲುತ್ತಿರಲಿಲ್ಲ. ಹಾಗಾಗಿ ಸಂಜೆ ಒಲಿಂಡಾ ಓದಿ ಹೇಳಬೇಕು, ಅವರು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳಬೇಕು. ತನ್ನನ್ನು ಎಲ್ಲಿಗೆ ಸಾಗಿಸುತ್ತಾರೆಂದು ಅವಳೇ ತಂದೆಗೆ ವಿವರಿಸಿದಳು.

ದೇಶ ನಮ್ಮ ದೇಶಕ್ಕಿಂತ ಎರಡೂವರೆ ಪಟ್ಟು ದೊಡ್ಡದು. ಅಲ್ಲಿ ಕ್ರಿಸ್ಮಸ್ ಕಡುಬೇಸಿಗೆಯಲ್ಲಿ ಬರುತ್ತದೆ, ಜೂನ್ ತಿಂಗಳು ಚಳಿಗಾಲ. ನಮ್ಮ ಗುಡ್ಡದ ಗೇರುಮರ ಮೂಲದಲ್ಲಿ ಅಲ್ಲಿಯದು, ಪೋರ್ಚುಗೀಸರು ಹಡಗಿನಲ್ಲಿ ತಂದದ್ದು. ಅನಾನಸೂ ಹಾಗೆಯೇ, ಹೆಸರು ಸಮೇತ. ಬದಲಿಗೆ ನಮ್ಮ ನೆಲ್ಲೂರಿನ ಕಡೆಯ ದನಗಳು ಅಲ್ಲಿಗೆ ಹೋಗಿ, ಈಗ ಅಲ್ಲಿಯ ಹುಲ್ಲುಗಾವಲಿನಲ್ಲೆಲ್ಲ ಅವುಗಳದ್ದೇ ಸಂತಾನ. ರಿಯೊ ನಗರದ ಮೇಲೆ ಒಂದು ಬೆಟ್ಟ. ಬೆಟ್ಟದ ತುದಿಯಲ್ಲಿ ನೂರು ಅಡಿಯ ಯೇಸುಕ್ರಿಸ್ತ ಕೈ ಚಾಚಿ ನಿಂತಿದ್ದಾನೆ. ಇದನ್ನು ಕೇಳಿ ಜೋಕಿಮರು ಕುರ್ಚಿಯಲ್ಲಿ ಎದ್ದು ಕೂತರು.

"ಇನ್ನೊಂದು ಉಂಟು ಪಪ್ಪಾ. ರಿಯೊ ಡಿ ಜನೈರೊ ಅಂದರೆ ಜನವರಿಯ ನದಿ. ಆದರೆ ಅಲ್ಲಿ ನದಿಯೇ ಇಲ್ಲ. ಪೋರ್ಚುಗೀಸರು ಜನವರಿಯಲ್ಲಿ ಬಂದು, ಕೊಲ್ಲಿಯನ್ನು ನೋಡಿ ನದಿ ಅಂತ ತಿಳಿದರಂತೆ."

"ದೊಡ್ಡವರು ಒಮ್ಮೆ ಹೆಸರಿಟ್ಟ ಮೇಲೆ ಮುಗಿಯಿತು," ಎಂದರು ಜೋಕಿಮರು. "ಮುಂದೆ ಓದು."

ಮುಂದೆ ಇದ್ದದ್ದು ರಾಜನ ಕಥೆ. ನೆಪೋಲಿಯನನ ಸೈನ್ಯ ಲಿಸ್ಬನ್ನಿಗೆ ಬಂದಾಗ ಪೋರ್ಚುಗಲ್ಲಿನ ರಾಜಮನೆತನ ಹಡಗು ಹತ್ತಿ ರಿಯೊಗೆ ಹೋಗಿ ಅಲ್ಲಿಂದಲೇ ರಾಜ್ಯವಾಳಿತು. ಜೋಕಿಮರಿಗೆ ಇದು ಬಹಳ ಹಿಡಿಸಿತು. ಒಲಿಂಡಾ ಮಾತ್ರ, "ಹಾಗಾದರೆ ರಾಜಧಾನಿ ಹಡಗಿನಲ್ಲಿಯೂ ಹೋಗ್ತದೆ, ಅಲ್ವಾ?" ಎಂದಳು. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಬ್ರೆಜಿಲಿನಲ್ಲಿ ಒಲಿಂಡಾ ಎಂಬ ಹೆಸರಿನದೇ ಒಂದು ಊರು ಇದೆಯೆಂದು ಪುಸ್ತಕದ ಹಿಂಬದಿಯಲ್ಲಿ ಸಿಕ್ಕಿದ್ದರಿಂದ ಅವರು ಆಗಲೇ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ದೇವರ ಇಚ್ಛೆ ಇಷ್ಟು ಸ್ಪಷ್ಟವಾಗಿ ಅಚ್ಚಾಗಿ ಬಂದದ್ದನ್ನು ಅವರು ಹಿಂದೆ ನೋಡಿರಲಿಲ್ಲ.

ಲೆಂಟಿನ ಉಪವಾಸದ ಭಾನುವಾರಗಳೆಲ್ಲ ಇಗರ್ಜಿಯ ಅಂಗಳ ಜೋಕಿಮರದಾಯಿತು. ಅಲೆಕ್ಸಾಂಡರರ ಬೊಂಬಾಯಿ ಹಾಲಿನ ಬಾಟಲಿ ಸಮೇತ ಮೂಲೆ ಸೇರಿತು. ಈಸ್ಟರ್ ಕಳೆದು, ಹುಡುಗ ಬಂದ ಮೇಲೆ ಮಾತು ಮುಗಿಸುವುದೆಂದು ನಿಶ್ಚಯವಾಯಿತು.

ಈಸ್ಟರ್ ಆಗಿ ಒಂದು ವಾರ ಕೂಡ ತುಂಬಿರಲಿಲ್ಲ. ಜೋಕಿಮರು ಕೆಮ್ಮಣ್ಣು ಪೇಟೆಯಲ್ಲಿ ಇದ್ರೀಸ್ ಬ್ಯಾರಿಯ ಅಂಗಡಿಗೆ ಹೊಗೆಸೊಪ್ಪಿಗೆ ಹೋಗಿದ್ದರು. ಇದ್ರೀಸ್ ಪತ್ರಿಕೆಯನ್ನು ಮೊದಲು ಓದುತ್ತಿದ್ದ, ಆಮೇಲೆ ಅದರಲ್ಲಿ ಬೆಲ್ಲ ಕಟ್ಟುತ್ತಿದ್ದ. ಊರಿನ ಕ್ರೈಸ್ತರನ್ನು ಎಲ್ಲರಂತೆ ಅವನೂ 'ಪೊರ್ಬು' ಎಂದೇ ಕರೆಯುತ್ತಿದ್ದ.

"ಪೊರ್ಬುಲೇ, ನಿಮ್ಮ ಬ್ರೆಜಿಲಿನ ಸುದ್ದಿ ಬಂದಿದೆ."

"ಎಂತದು?"

"ಹೊಸ ರಾಜಧಾನಿ ಕಟ್ಟಿದ್ದಾರಂತೆ. ಬ್ರೆಜಿಲಿಯಾ ಅಂತ ಹೆಸರು. ಮೊನ್ನೆ ಗುರುವಾರ ಉದ್ಘಾಟನೆ ಆಯಿತು. ರಿಯೊ ಇನ್ನು ರಾಜಧಾನಿ ಅಲ್ಲ."

ಜೋಕಿಮರು ಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿ, ಓದಿ, ಕನ್ನಡಕ ತೆಗೆದು, ಬರಿಗಣ್ಣಿನಲ್ಲಿ ಮತ್ತೊಮ್ಮೆ ನೋಡಿದರು. ಯಾರೂ ಇಲ್ಲದ ಒಳನಾಡಿನ ಬಯಲಿನಲ್ಲಿ ಮೂರು ನಾಲ್ಕು ವರ್ಷದೊಳಗೆ ಊರು ಎಬ್ಬಿಸಿದ್ದಾರೆ. ಆಕಾಶದಿಂದ ನೋಡಿದರೆ ವಿಮಾನದ ಆಕಾರ ಕಾಣುತ್ತದೆ, ಎಂದು ಬರೆದಿತ್ತು.

"ವಿಮಾನದ ಆಕಾರವಾ?" ಇದ್ರೀಸ್ ನಕ್ಕ. "ಹಾಗಾದರೆ ಇದೂ ಹಾರಿಹೋಗುವುದೇ ಪೊರ್ಬುಲೇ."

ಜೋಕಿಮರು ಹೊಗೆಸೊಪ್ಪು ಅಲ್ಲೇ ಬಿಟ್ಟು ಮನೆಗೆ ನಡೆದರು.

ಡೊಮಿನಿಕನಿಗೆ ಹೇಳಿಕಳಿಸಿದರು. ಅವನು ಬಂದು ಸಮಾಧಾನ ಹೇಳಿದ: "ರಾಜಧಾನಿ ಹೋದರೂ ರಾಯಭಾರ ಕಚೇರಿಗಳು ರಿಯೊದಲ್ಲೇ ಉಂಟು ಮಾಮ್. ಸಮುದ್ರದ ಬದಿ ಬಿಟ್ಟು ಯಾರು ಹೋಗ್ತಾರೆ?"

"ಅಂದರೆ ಹುಡುಗ ರಾಜಧಾನಿಯಲ್ಲಿ ಇಲ್ಲ."

"ಹುಡುಗ ಇದ್ದಲ್ಲೇ ಇದ್ದಾನೆ. ರಾಜಧಾನಿ ಎದ್ದು ಹೋಯಿತು, ಅವನೆಂತ ಮಾಡ್ತಾನೆ?"

"ಹಿಂದೆ ಹೋಗಲಿ."

ಡೊಮಿನಿಕ್ ನಿಟ್ಟುಸಿರು ಬಿಟ್ಟ. "ನೀವು ಯಾವ ರಾಜಧಾನಿಯ ಮೇಲೆ ಕಣ್ಣು ಹಾಕಿದರೂ ಅದು ಗಂಟುಮೂಟೆ ಕಟ್ಟುತ್ತದಲ್ಲ ಮಾರಾಯ್ರೆ! ದೆಹಲಿಯವನನ್ನು ತರಲು ನನಗೆ ಈಗ ಧೈರ್ಯ ಇಲ್ಲ. ದೇಶಕ್ಕೇ ತೊಂದರೆ."

ಮೇ ತಿಂಗಳಲ್ಲಿ ಬೆಂಜಮಿನ್ ಬಂದ. ಬಿಸಿಲಿಗೆ ಕಪ್ಪಾದ, ಮೆಲುದನಿಯ ಹುಡುಗ. ತಾಯಿಯನ್ನೂ ಡೊಮಿನಿಕನನ್ನೂ ಕರೆದುಕೊಂಡು ಕಾಪುವಿನಿಂದ ಬಾಡಿಗೆ ಕಾರಿನಲ್ಲಿ ಬಂದಿದ್ದ. ತೆರೆಸಾ ಕಾಫಿ, ತಿಂಡಿ ತಂದಿಟ್ಟಳು. ಜೋಕಿಮರು ಅವನ ಸಂಬಳ ಕೇಳಲಿಲ್ಲ, ಮನೆತನ ಕೇಳಲಿಲ್ಲ.

"ಹೊಸ ರಾಜಧಾನಿಯಲ್ಲಿ ಎಂತ ಉಂಟು?"

"ಕಟ್ಟುವಾಗ ನಾನು ಒಮ್ಮೆ ಮಾತ್ರ ಹೋಗಿದ್ದೇನೆ. ಧೂಳು ಉಂಟು. ಕೆಂಪು ಧೂಳು. ಬಿಳಿ ಕೋಟಿನಲ್ಲಿ ಹೋದವರು ಸಂಜೆಗೆ ಹಂಚಿನ ಬಣ್ಣಕ್ಕೆ ಬರ್ತಾರೆ."

"ಇಲ್ಲಿಯೂ ಮಣ್ಣು ಕೆಂಪೇ. ನಾವೇನು ಸತ್ತಿದ್ದೇವಾ?"

"ಹಾಗಲ್ಲ. ಅಲ್ಲಿ ಅಂಗಡಿ ಕಡಿಮೆ, ಮರ ಇಲ್ಲ, ಸಮುದ್ರಕ್ಕೆ ಆರುನೂರು ಮೈಲು. ಮನೆ ಬಿಟ್ಟರೆ ಕಾರು ಬೇಕು, ನಡೆಯುವವರಿಗೆ ದಾರಿಯನ್ನೇ ಮಾಡಲಿಲ್ಲ. ಶುಕ್ರವಾರ ಬಂದರೆ ದೊಡ್ಡ ಅಧಿಕಾರಿಗಳೆಲ್ಲ ವಿಮಾನ ಹತ್ತಿ ರಿಯೊಗೆ ಓಡಿ ಬರ್ತಾರಂತೆ."

"ನೀವು ಅಲ್ಲಿಗೆ ವರ್ಗ ಮಾಡಿಸಿಕೊಳ್ತೀರಾ?"

ಡೊಮಿನಿಕ್ ಕಣ್ಣಿನಲ್ಲೇ 'ಹೌದು ಅನ್ನು' ಎಂದು ಬೇಡಿಕೊಂಡ. ಬೆಂಜಮಿನ್ ಅದನ್ನು ನೋಡಿದ, ಆದರೂ, "ಸುಳ್ಳು ಹೇಳುವುದೆಂತಕ್ಕೆ? ಕಚೇರಿ ಹೋಗುವವರೆಗೆ ನಾನು ಹೋಗುವುದಿಲ್ಲ," ಎಂದ. ಆಮೇಲೆ ಬಾಗಿಲ ಬಳಿ ನಿಂತಿದ್ದ ಒಲಿಂಡಾಳ ಕಡೆ ತಿರುಗಿ, "ನಿಮಗೆ ಏನಾದರೂ ಕೇಳಬೇಕಾ?" ಎಂದು ಕೇಳಿದ.

"ರಿಯೊದಲ್ಲಿ ನಿಜವಾಗಿಯೂ ನದಿ ಇಲ್ಲವಾ?"

"ಇಲ್ಲ. ಹೋದ ಹೊಸತರಲ್ಲಿ ನಾನೂ ಹುಡುಕಿದೆ. ಕೇಳಿದವರೆಲ್ಲ ನಕ್ಕರು."

ಒಲಿಂಡಾಳಿಗೂ ನಗು ಬಂತು. ಒಳ್ಳೆಯ ಮನುಷ್ಯ ಎಂದು ಅವಳಿಗೆ ಆಗಲೇ ಗೊತ್ತಾಯಿತು. ಕಾರ್ಕಳದಲ್ಲಿ ಆ ಎರಡು ವರ್ಷ ಇಲ್ಲದೇ ಹೋಗಿದ್ದರೆ ಅವಳು ಬ್ರೆಜಿಲಿಗೆ ಮನಸ್ಸು ಮಾಡುತ್ತಿದ್ದಳೋ ಏನೋ. ಆದರೆ ಯಾರೂ ಅವಳ ಮನಸ್ಸು ಕೇಳಲಿಲ್ಲ. ಬೇಡ ಎಂದದ್ದು ಜೋಕಿಮರು, ಡೊಮಿನಿಕ್ ಕಾರು ಹತ್ತುವ ಮೊದಲೇ.

ಮುಂದಿನದು ಡೊಮಿನಿಕನ ಕಸುಬು. ರಜೆಯಲ್ಲಿ ಬಂದ ಹುಡುಗನನ್ನು ಬರಿಗೈಯಲ್ಲಿ ಹಿಂದೆ ಕಳಿಸುವುದು ಅವನಿಗೆ ಆಗದ ಮಾತು. ಅವನು ಆ ಕಾರನ್ನೇ ಅಲೆಕ್ಸಾಂಡರರ ಮನೆಗೆ ತಿರುಗಿಸಿದ. ಅವರ ಎರಡನೆಯ ಮಗಳು ಲೊರ್ನಾ ಮದುವೆಗೆ ಇದ್ದಳು. ಅಲೆಕ್ಸಾಂಡರರು ರಾಜಧಾನಿಯ ಮಾತೇ ಎತ್ತಲಿಲ್ಲ. ಜೂನಿನ ಮಳೆಗೆ ಮೊದಲು ಮದುವೆ ಆಯಿತು, ಜೋಡಿ ಹಡಗು ಹತ್ತಿತು.

ಆ ಮಳೆಗಾಲ ಜೋಕಿಮರು ಪಟ್ಟದ್ದು ಅಷ್ಟಿಷ್ಟಲ್ಲ. ಪ್ರತಿ ಭಾನುವಾರ ಕೊಡೆ ಹಿಡಿದು ಅಂಗಳದಲ್ಲಿ ನಿಂತು ರಿಯೊದ ಸಂಗತಿಯನ್ನು ಅಲೆಕ್ಸಾಂಡರರ ಬಾಯಿಂದ ಕೇಳಬೇಕು. ಅದೂ ತಪ್ಪು ತಪ್ಪಾಗಿ. ಬೆಟ್ಟದ ಮೇಲಿನ ಯೇಸುವನ್ನು ಅಲೆಕ್ಸಾಂಡರರು ಒಂದು ದಿನ ಇನ್ನೂರು ಅಡಿ ಮಾಡಿದರು. ಜೋಕಿಮರ ತುಟಿ ಅಲ್ಲಾಡಿತು, ಆದರೆ ಅಳಿಯ ಅಲೆಕ್ಸಾಂಡರರ ಮನೆಯವನು. ಯೇಸುವಿನ ಎತ್ತರವೂ ಈಗ ಅವರದೇ. ಅಂದು ಮನೆಗೆ ಬಂದು ಅವರು ಊಟ ಮಾಡಲಿಲ್ಲ.

"ಪಪ್ಪಾ," ಒಲಿಂಡಾ ಕುರ್ಚಿಯ ಬಳಿ ಬಂದು ನಿಂತಳು. "ನನಗೆ ಕಾರ್ಕಳದ ಲಿಡ್ವಿನನನ್ನು ಮದುವೆ ಆಗಬೇಕು ಅಂತ ಉಂಟು. ಅತ್ತೆಗೆ ಗೊತ್ತು. ಅವರ ಮನೆಯವರೂ ಕೇಳಲು ಕಾಯ್ತಾ ಇದ್ದಾರೆ."

"ಯಾರು? ಬಸ್ಸಿನ ಏಜೆಂಟನಾ?"

"ಹೌದು."

"ಕಾರ್ಕಳಕ್ಕಾ? ಬಸ್ಸಿನಲ್ಲಿ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರುವ ಊರಿಗಾ? ರಾಜಧಾನಿಗೆ ಕೊಡಬೇಕು ಅಂತ ನಾನು..."

"ಕಾರ್ಕಳವೂ ರಾಜಧಾನಿಯೇ ಪಪ್ಪಾ. ಭೈರರಸರ ರಾಜಧಾನಿ. ಗೊಮ್ಮಟನನ್ನು ನಿಲ್ಲಿಸಿದ್ದು ಮತ್ತೆ ಯಾರು?"

"ಈಗ ಆ ಅರಸರು ಎಲ್ಲಿ?"

"ಈಗ ಇಲ್ಲ. ಹೈದರಾಲಿಯ ಕಾಲಕ್ಕೇ ಮುಗಿದುಹೋಯಿತು."

ಅವರು ಬಹಳ ಹೊತ್ತು ಮಾಡಿನಿಂದ ಬೀಳುವ ನೀರನ್ನೇ ನೋಡಿದರು. ತೆರೆಸಾ ಒಳಗಿನಿಂದ ಎರಡು ಸಲ ಇಣುಕಿ ಹೋದಳು. ಕೊನೆಗೆ ಅವರು ಮೆಲ್ಲಗೆ ಹೇಳಿದರು: "ಅಂದರೆ ಇನ್ನು ಅಲ್ಲಿಂದ ಹೋಗುವುದಕ್ಕೆ ಎಂತದೂ ಉಳಿದಿಲ್ಲ."

"ಎಂತದೂ ಇಲ್ಲ ಪಪ್ಪಾ."

"ಊಟ ಬಡಿಸು," ಎಂದರು ಜೋಕಿಮರು.

ಮರುವರ್ಷ ಜನವರಿಯಲ್ಲಿ ಮದುವೆ ಆಯಿತು. ಅಲೆಕ್ಸಾಂಡರರೂ ಬಂದು ಹೊಟ್ಟೆ ತುಂಬ ಉಂಡರು. ಕೈತೊಳೆಯುವಲ್ಲಿ ಜೋಕಿಮರು ಅವರನ್ನು ಹಿಡಿದು, ಕಾರ್ಕಳದ ಗೊಮ್ಮಟ ಒಂದೇ ಕಲ್ಲಿನದು, ನಲವತ್ತೆರಡು ಅಡಿ, ಎಂದು ಶುರುಮಾಡಿದರು. "ಗೊತ್ತುಂಟು ಮಾರಾಯ," ಎಂದರು ಅಲೆಕ್ಸಾಂಡರರು, "ಪ್ರತಿ ವರ್ಷ ಅತ್ತೂರಿನ ಹಬ್ಬಕ್ಕೆ ಹೋಗುವಾಗ ನೋಡುವುದಿಲ್ಲವಾ?" ಕಾರ್ಕಳದ ತೊಂದರೆಯೇ ಅದು. ಯಾರೂ ಅದರ ಬಗ್ಗೆ ಕೇಳುವವರಿಲ್ಲ.

ಒಲಿಂಡಾ ಅಲ್ಲೇ ಶಾಲೆಗೆ ಸೇರಿಕೊಂಡಳು. ಅವಳು ಬಸುರಿಯಾದಾಗ ಜೋಕಿಮರು ತೆಂಗಿನೆಣ್ಣೆ, ಒಣಮೀನು ಹಿಡಿದು ಕಾರ್ಕಳಕ್ಕೆ ಹೋದರು. ಅಳಿಯ ಊಟಕ್ಕೆ ಬರುವವರೆಗೆ ಹೊತ್ತು ಹೋಗದೆ ಪೇಟೆಯ ಬಸ್ ಆಫೀಸಿಗೆ ಹೋಗಿ ಬೆಂಚಿನ ಮೇಲೆ ಕೂತರು. ಮೂಡಬಿದ್ರೆಯ ಬಸ್ಸು ತಡವಾಗಿತ್ತು. ಕಾಯುತ್ತಿದ್ದವರಲ್ಲಿ ಒಬ್ಬರು ಗೇರುಬೀಜದ ಚೀಲ ಇಟ್ಟುಕೊಂಡಿದ್ದರು. ಅದು ಎಲ್ಲಿಂದ ಬಂದದ್ದು ಗೊತ್ತುಂಟಾ, ಎಂದು ಜೋಕಿಮರು ಕೇಳಿದರು.

"ಬಜಗೋಳಿಯಿಂದ," ಎಂದರು ಅವರು.

"ಅಲ್ಲ ಮಾರಾಯ್ರೆ, ಬ್ರೆಜಿಲಿನಿಂದ!"

ಬೆಂಚಿನವರೆಲ್ಲ ತಿರುಗಿ ನೋಡಿದರು. ಅವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅಂಥ ಸಭಿಕರು ಜೋಕಿಮರಿಗೆ ಇಗರ್ಜಿಯ ಅಂಗಳದಲ್ಲಿಯೂ ಸಿಕ್ಕಿರಲಿಲ್ಲ. ಎರಡು ದಿನಕ್ಕೆಂದು ಬಂದವರು ವಾರ ಉಳಿದರು. ಆಮೇಲೆ ತಿಂಗಳಿಗೆ ಎರಡು ಸಲ ಬರತೊಡಗಿದರು. ಮಗಳನ್ನು ನೋಡಲು ಎಂದು ತೆರೆಸಾ ನಂಬಿದಳು.

ಒಂದು ಸಂಜೆ ಲಿಡ್ವಿನ್ ಮನೆಗೆ ಬಂದು, ಕೈಕಾಲು ತೊಳೆದು, ತೊಟ್ಟಿಲು ತೂಗುತ್ತಿದ್ದ ಹೆಂಡತಿಗೆ ಮೆಲ್ಲಗೆ ಹೇಳಿದ:

"ನಿನ್ನ ಪಪ್ಪನಿಗೆ ಸ್ವಲ್ಪ ಹೇಳು ಒಲಿಂಡಾ. ಇವತ್ತು ಆ ರಾಜನ ಕಥೆ ಮುಗಿಯಲಿಲ್ಲ ಅಂತ ಮೂರು ಜನ ಬಂದ ಬಸ್ಸನ್ನೇ ಬಿಟ್ಟುಬಿಟ್ಟರು."