ಬಾಗಿಲು ದಾಟದ ರೈಲು

ಹನ್ನೊಂದು ವರ್ಷ ಕೂತು ಒಂದು ಮಾದರಿ ರೈಲುದಾರಿ ಕಟ್ಟಿದ ಮನುಷ್ಯ, ಅದನ್ನು ಕಟ್ಟಿದ ಕೋಣೆಯ ಬಾಗಿಲನ್ನು ಒಂದು ಸಲವೂ ಅಳೆದು ನೋಡಲಿಲ್ಲವೆಂದರೆ ಏನನ್ನೋಣ ಹೇಳಿ! ಮೂರು ಗೋಡೆಗಳಿಗೆ ತಾಗಿಕೊಂಡು ಕುದುರೆ ಲಾಳದ ಹಾಗೆ ಬಾಗಿದ ಒಂದೇ ಹಲಗೆ. ಅಡ್ಡ ಹಿಡಿದರೂ ಹೊರಬರದು, ಉದ್ದ ಹಿಡಿದರೂ ಹೊರಬರದು. ಮಾದರಿ ರೈಲು ಕಟ್ಟುವವರ ಸಂಘದವರೆಲ್ಲ ತಮ್ಮ ರೈಲುದಾರಿಗಳನ್ನು ಮೂರು ನಾಲ್ಕು ತುಂಡು ಮಾಡಿ ಕಟ್ಟಿಕೊಂಡು, ಪ್ರದರ್ಶನಕ್ಕೆ ಹೋದಾಗ ಬೋಲ್ಟು ಹಾಕಿ ಜೋಡಿಸುತ್ತಾರೆ. ಈ ಪುಣ್ಯಾತ್ಮ ಮಾತ್ರ, "ಜೋಡಣೆ ಇದ್ದ ಕಡೆ ರೈಲು ಕುಣಿಯುತ್ತೆ ಕಣೇ, ನಂದು ನೀರು ಹರಿದ ಹಾಗೆ ಹೋಗಬೇಕು" ಎಂದು ಹಟ ಹಿಡಿದು ಒಂದೇ ತುಂಡಿನಲ್ಲಿ ಕಟ್ಟಿದ್ದ. ಕಟ್ಟಿ ಮುಗಿಸಿದ, ಪ್ರದರ್ಶನಕ್ಕೆ ಅರ್ಜಿ ಹಾಕಿದ, ಅರ್ಜಿ ಒಪ್ಪಿದ ಪತ್ರವೂ ಬಂತು. ಪತ್ರ ಬಂದ ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಹಾಗೇ ಕುಸಿದು ಸತ್ತುಹೋದ.

ಅವನು ವಿದ್ಯುತ್ ಇಲಾಖೆಯ ಲೈನ್‌ಮ್ಯಾನ್. ರೈಲಿಗೂ ಅವನಿಗೂ ಟಿಕೆಟ್ಟಿನಷ್ಟೇ ಸಂಬಂಧ. ಹೆಂಡತಿ ಕಟ್ಟುಹಲ್ಲು ಮಾಡುವವಳು. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚುಗಳನ್ನಿಟ್ಟುಕೊಂಡು ದಿನವಿಡೀ ಕೂತು ಊರವರ ಹಲ್ಲು ತಿದ್ದುವ ಅವಳನ್ನು ಬೀದಿಯವರು ಹಲ್ಲಮ್ಮ ಎಂದೇ ಕರೆಯುತ್ತಿದ್ದರು. ರೈಲುದಾರಿಯ ಗುಡ್ಡಕ್ಕೆಲ್ಲ ಅವಳು ಹಲ್ಲಿನ ಅಚ್ಚು ಹೊಯ್ಯುವ ಪ್ಲಾಸ್ಟರು. ಪ್ಲಾಟ್‌ಫಾರ್ಮಿನ ಮೇಲೆ ನಿಂತ ಅರವತ್ತು ಚಿಲ್ಲರೆ ಜನ, ಒಬ್ಬೊಬ್ಬರೂ ಹೆಸರುಕಾಳಿನ ಎತ್ತರ, ಅವಳೇ ಮಾಡಿದ್ದು. ಉಳಿದ ಹಲ್ಲುಸೆಟ್ಟಿನ ಸಾಮಾನಿನಿಂದ ಮಾಡಿದ್ದರಿಂದ ಎಲ್ಲರ ಮೈಯೂ ವಸಡಿನ ಬಣ್ಣ. "ನಿನ್ನ ಪ್ರಯಾಣಿಕರಿಗೆಲ್ಲ ಜ್ವರ ಬಂದಿದೆ ಕಣೇ" ಎಂದು ಗಂಡ ಗೇಲಿ ಮಾಡುತ್ತಿದ್ದ.

ಅವನು ಹೋದ ಮೇಲೆ ಹಲ್ಲಮ್ಮ ಅಳಲಿಲ್ಲ. ಅಳು ನುಂಗಿಕೊಂಡಳು ಅಂತಲ್ಲ, ಅಳುವೇ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಎದ್ದಳು, ಹಲ್ಲು ಕಟ್ಟಿದಳು, ಬಟ್ಟೆ ಒಗೆದಳು. ಒಂದು ಮಾತು ಮಾತ್ರ ಅವಳ ಬಾಯಿಂದ ಹೊರಡದು: ಗಂಡ ಸತ್ತ ಎನ್ನುವುದು. ಫೋನು ಬಂದರೆ ಅಕ್ಕನ ಕೈಗೆ ಕೊಟ್ಟುಬಿಡುವಳು. ಅವಳ ಜೊತೆಗಿರಲು ಬಂದ ಅಕ್ಕ, ಬ್ಯಾಂಕಿನವರಿಗೆ, ಇಲಾಖೆಯವರಿಗೆ, ಹಾಲಿನವನಿಗೆ, ಎಲ್ಲರಿಗೂ ತಾನೇ ಆ ಮಾತು ಹೇಳಿ ಹೇಳಿ ಸುಸ್ತಾಗಿದ್ದಳು.

"ಒಂದ್ಸಲ ಬಾಯಿಬಿಟ್ಟು ಹೇಳೇ ನಮ್ಮವ್ವ. ಹೀಗೇ ಕಲ್ಲಾಗಿ ಕೂತ್ರೆ ನಿಂಗೇನಾದ್ರೂ ಆಗುತ್ತೆ ಅಂತ ನಂಗೆ ಭಯ."

"ಆಯ್ತಕ್ಕ," ಎನ್ನುವಳು ಹಲ್ಲಮ್ಮ. ಅಷ್ಟೇ. ಒಳಗೆ ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆ ಇರುತ್ತದಲ್ಲ, ಮುಟ್ಟಿದರೂ ತನ್ನದಲ್ಲ ಅನ್ನಿಸುವಂಥದ್ದು, ಹಾಗಿತ್ತು ಅವಳಿಗೆ.

ಪ್ರದರ್ಶನಕ್ಕೆ ಒಂದು ವಾರವಿದ್ದಾಗ ಸಂಘದ ಕಾರ್ಯದರ್ಶಿ ಬಂದು, ಜಾಗ ಖಾಲಿ ಬಿಟ್ಟರೂ ಯಾರೂ ತಪ್ಪು ತಿಳಿಯುವುದಿಲ್ಲ ಎಂದು ನಯವಾಗಿ ಹೇಳಿದರು. "ತರ್ತೀವಿ" ಎಂದಳು ಹಲ್ಲಮ್ಮ. ತರಬೇಕೆಂಬ ಆಸೆಯೇನೂ ಇರಲಿಲ್ಲ. ತರುವುದಿಲ್ಲ ಎಂದರೆ ಯಾಕೆಂದು ಹೇಳಬೇಕಾಗುತ್ತದಲ್ಲ, ಅದಕ್ಕೆ. ಬಾಗಿಲಿನ ವಿಷಯ ಗೊತ್ತಾದದ್ದು ಆಮೇಲೆ.

ಬಡಗಿ ಬಂದು ಅಳೆದ, ತಲೆ ಕೆರೆದುಕೊಂಡ, ಮತ್ತೆ ಅಳೆದ.

"ಗೋಡೆ ಒಡೀಬೇಕು, ಇಲ್ಲಾ ಇದನ್ನ ಕೊಯ್ಯಬೇಕು. ಬೇರೆ ದಾರಿ ಇಲ್ಲಮ್ಮ."

"ಕೊಯ್ಯಿ."

"ಅಲ್ಲಮ್ಮಾ, ಹನ್ನೊಂದು ವರ್ಷದ ಕೆಲಸ..."

"ಕೊಯ್ಯಪ್ಪ."

ಬಡಗಿಗೇ ಕೈ ಬರಲಿಲ್ಲ. ಕಂಬಿಗಳನ್ನು ಹಲ್ಲಮ್ಮನೇ ಕತ್ತರಿಸಿದಳು. ಹಲ್ಲಿನ ಲೋಹ ಕೊಯ್ಯುವ ಪುಟ್ಟ ಚಕ್ರ ಅವಳ ಹತ್ತಿರವಿತ್ತು. ಅದನ್ನು ಮೋಟಾರಿಗೆ ಸಿಕ್ಕಿಸಿ, ಕನ್ನಡಕ ಹಾಕಿಕೊಂಡು, ಕೂದಲೆಳೆಯಷ್ಟೂ ಆಚೀಚೆ ಹೋಗದಂತೆ ಎರಡು ಕಡೆ ಕತ್ತರಿಸಿದಳು. ಆಮೇಲೆ ಬಡಗಿ ಗರಗಸ ಹಾಕಿದ. ಗರಗಸ ಗುಡ್ಡವನ್ನು ಸೀಳುವಾಗ ಬಿಳಿ ಪುಡಿ ಹಾರಿ ಅವಳ ಸೀರೆಯ ಮೇಲೆಲ್ಲ ಕೂತಿತು. ಅಕ್ಕ ನೋಡಲಾರದೆ ಅಡುಗೆಮನೆಗೆ ಓಡಿಹೋಗಿ ಬಿಕ್ಕಿದಳು. ಇವಳಿಗೆ ಏನೂ ಅನ್ನಿಸಲಿಲ್ಲ. ಸೀರೆ ಕೊಡವಿಕೊಂಡು ಕಸ ಗುಡಿಸಿದಳು.

ಪ್ರದರ್ಶನದ ಹಿಂದಿನ ದಿನ ಸಂಜೆ ಸಭಾಂಗಣದಲ್ಲಿ ಮೂರು ತುಂಡುಗಳನ್ನು ಮೇಜುಗಳ ಮೇಲೇರಿಸಿ ಬೋಲ್ಟು ಬಿಗಿದದ್ದಾಯಿತು. ರೈಲು ಜೋಡಣೆಯ ಹತ್ತಿರ ಬಂದು ಪಟಕ್ಕನೆ ಮಗುಚಿಕೊಂಡಿತು. ಹಲ್ಲಮ್ಮ ಚೀಲದಿಂದ ನೀಲಿ ಕಾಗದ ತೆಗೆದಳು. ಹೊಸ ಹಲ್ಲು ಹಾಕಿದಾಗ ಕಚ್ಚಿಸಿ ಎಲ್ಲಿ ಎತ್ತರವಾಗಿದೆ ಎಂದು ನೋಡುವ ಕಾಗದ ಅದು. ಕಂಬಿಯ ಮೇಲಿಟ್ಟು ರೈಲಿನ ಡಬ್ಬಿ ಉರುಳಿಸಿದಳು, ಬಣ್ಣ ಕೂತ ಕಡೆ ಉಜ್ಜಿದಳು, ಮತ್ತೆ ಉರುಳಿಸಿದಳು. ಹದಿನೇಳನೆಯ ಸಲಕ್ಕೆ ರೈಲು ನೀರು ಹರಿದ ಹಾಗೆ ಹೋಯಿತು. ಸಂಘದ ಗಂಡಸರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

ಮರುದಿನ ಜನವೋ ಜನ. ಮಕ್ಕಳು ಮೇಜಿಗೆ ಗಲ್ಲ ಊರಿ ನಿಂತವು. ವಸಡಿನ ಬಣ್ಣದ ಪ್ರಯಾಣಿಕರನ್ನು ನೋಡಿ ಒಬ್ಬಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕ ಬಾಗಿಲ ಬಳಿ ಪ್ರವೇಶದ ಚೀಟಿ ಹಂಚುತ್ತಿದ್ದಳು. ಹಲ್ಲಮ್ಮ ಗುಂಡಿ ತಿರುಗಿಸುತ್ತಾ ರೈಲು ಓಡಿಸಿದಳು.

ಒಂದು ಗಂಟೆಯ ಹೊತ್ತಿಗೆ ಎತ್ತರದ ಮುದುಕರೊಬ್ಬರು ಬಂದು ಬಗ್ಗಿ ನಿಂತರು. ಬಹಳ ಹೊತ್ತು ನೋಡಿದರು.

"ಮೂವತ್ತಾರು ವರ್ಷ ಎಂಜಿನ್ ಓಡಿಸಿದ್ದೀನಮ್ಮ ನಾನು. ಇಂಥ ಕೆಲಸ ನೋಡಿಲ್ಲ. ಯಾರು ಮಾಡಿದ್ದು?"

"ನಮ್ಮನೆಯವರು."

"ಎಲ್ಲಿ ಅವರು?"

"ಊಟಕ್ಕೆ ಹೋಗಿದ್ದಾರೆ. ಬರ್ತಾರೆ."

ಅದು ಹೇಗೆ ಬಾಯಿಗೆ ಬಂತೋ ಅವಳಿಗೇ ಗೊತ್ತಿಲ್ಲ. ಕಂಬ ಹತ್ತಲು ಹೋದವನನ್ನು ಕೇಳಿಕೊಂಡು ಬಂದವರಿಗೆಲ್ಲ ಬರ್ತಾರೆ ಎಂದು ಎಷ್ಟೋ ವರ್ಷ ಹೇಳಿದ ರೂಢಿಗೆ, ತಾನೇ ಹೊರಬಂತು.

"ಹೌದಾ? ಹಾಗಾದ್ರೆ ಕಾಯ್ತೀನಿ. ಒಂದು ವಿಷಯ ಕೇಳ್ಬೇಕು ಅವರನ್ನ," ಎಂದು ಡ್ರೈವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಹಲ್ಲಮ್ಮ ಗುಂಡಿ ತಿರುಗಿಸಿದಳು. ಎರಡು ಗಂಟೆಯಾಯಿತು. ಮುದುಕರು ಜಪ್ಪಯ್ಯ ಅಂದರೂ ಏಳಲಿಲ್ಲ. ಯಾರಾದರೂ ಗಂಡಸರು ಒಳಗೆ ಬಂದರೆ ಕತ್ತೆತ್ತಿ, "ಇವರಾ?" ಎನ್ನುವರು. ಇವಳು ಅಲ್ಲವೆಂದು ತಲೆಯಾಡಿಸುವಳು. ಮೂರು ಗಂಟೆಗೆ, "ಏನಮ್ಮಾ, ಪಕ್ಕದೂರಿಗೆ ಹೋದ್ರಾ ಊಟಕ್ಕೆ?" ಎಂದು ನಕ್ಕರು. ಅವಳು ಟೀ ತರಿಸಿಕೊಟ್ಟಳು. ಅವರು ಬಾಗಿಲ ಕಡೆ ನೋಡಿದಾಗಲೆಲ್ಲ ಅವಳ ಕಣ್ಣೂ ಅತ್ತಲೇ ಹೋಗತೊಡಗಿತು. ಎಂಥ ಹುಚ್ಚು! ಆದರೂ ಹೋಗುತ್ತಿತ್ತು.

ಐದಕ್ಕೆ ಹತ್ತು ನಿಮಿಷವಿದ್ದಾಗ ಜನ ಕರಗಿತು. ಡ್ರೈವರು ಮೊಣಕಾಲು ಹಿಡಿದುಕೊಂಡು ಎದ್ದರು.

"ಇನ್ನು ನಂಗೆ ಬಸ್ಸು ತಪ್ಪುತ್ತೆ. ಅವರು ಬಂದ್ರೆ ಹೇಳಿ ಬಿಡಿ. ನೋಡಿ, ಈ ತಿರುವಿನಲ್ಲಿ ಸಿಗ್ನಲ್ ಕಂಬ ಒಳಬದಿಗೆ ನೆಟ್ಟಿದ್ದಾರೆ. ಗುಡ್ಡ ಅಡ್ಡ ಬರುತ್ತೆ. ಡ್ರೈವರ್ ಕಣ್ಣಿಗೆ ಬೀಳೋದೇ ಇಲ್ಲ. ಹೊರಬದಿಗೆ ಇರ್ಬೇಕು. ಉಳಿದಿದ್ದೆಲ್ಲ ಇಷ್ಟು ಚೊಕ್ಕ ಮಾಡಿದವರು ಇದೊಂದು ಯಾಕೆ ಹೀಗೆ ಮಾಡಿದ್ರು ಅಂತ ಕೇಳ್ಬೇಕಿತ್ತು." ಅವರು ಚೀಲ ಹೆಗಲಿಗೇರಿಸಿಕೊಂಡರು. "ಹೋಗ್ಲಿ ಬಿಡಿ. ಪಾಪ, ರೈಲಿನವರಲ್ಲ ಅನ್ಸುತ್ತೆ. ಗೊತ್ತಾಗಿರ್ಲಿಕ್ಕಿಲ್ಲ."

ಹಲ್ಲಮ್ಮ ಕಂಬವನ್ನು ನೋಡಿದಳು. ಗರಗಸಕ್ಕೆ ಅಡ್ಡವಾಗುತ್ತದೆಂದು ಅದನ್ನು ಕಿತ್ತವಳು ಅವಳು. ನಿನ್ನೆ ಸಂಜೆ, ಇದ್ದ ಜಾಗದಲ್ಲಿ ಬಿರುಕು ಬಿಟ್ಟಿದೆಯೆಂದು ಈಚೆ ಬದಿಗೆ ಅಂಟಿಸಿದವಳೂ ಅವಳೇ. ಎಲ್ಲಿದ್ದರೇನಂತೆ ಎಂದುಕೊಂಡಿದ್ದಳು.

ಮುದುಕರು ಎರಡು ಹೆಜ್ಜೆ ಹೋಗಿಯಾಗಿತ್ತು. ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಗೊತ್ತಿಲ್ಲದವನು ಎನ್ನಿಸಿಕೊಂಡೇ ಉಳಿಯುತ್ತಿದ್ದ ಗಂಡ, ಹನ್ನೊಂದು ವರ್ಷ ಒಂದೊಂದು ಮೊಳೆಗೂ ಪುಸ್ತಕ ತಿರುವಿದವನು.

"ನಿಂತ್ಕೊಳ್ಳಿ," ಎಂದಳು. ದನಿ ಜೋರಾಗಿಯೇ ಬಂತು. "ಅವರಿಗೆ ಗೊತ್ತಿತ್ತು. ಹೊರಬದಿಗೇ ನೆಟ್ಟಿದ್ರು. ಅದನ್ನ ಕಿತ್ತು ಈಚೆ ಅಂಟಿಸಿದ್ದು ನಾನು. ನಿನ್ನೆ."

"ಓಹೋ! ಮತ್ತೆ ಅವರು ನೋಡಿ ಬಯ್ಲಿಲ್ವಾ?"

ಬಾಗಿಲ ಬಳಿಯಿಂದ ಅಕ್ಕ ಇದನ್ನು ಕೇಳಿಸಿಕೊಂಡು, ಆ ಮಾತನ್ನು ತಾನೇ ಹೇಳಿಬಿಡಲು ಧಾವಿಸಿ ಬಂದಳು. ಹಲ್ಲಮ್ಮ ಕೈಯೆತ್ತಿ ತಡೆದಳು.

"ಅವರು ನೋಡಿಲ್ಲ. ಸತ್ತುಹೋದ್ರು. ನಲವತ್ತೊಂದು ದಿನ ಆಯ್ತು ಅವರು ಸತ್ತು."

ಡ್ರೈವರು ಚೀಲ ಕೆಳಗಿಟ್ಟರು.

"ಅಯ್ಯೋ ತಾಯಿ," ಎಂದರು. "ಅವರನ್ನ ಒಂದ್ಸಲ ನೋಡ್ಬೇಕು ಅಂತ ಮಧ್ಯಾಹ್ನದಿಂದ ಇಲ್ಲೇ ಕೂತಿದ್ನಲ್ಲಮ್ಮ ನಾನು."

"ನಂಗೂ ನೋಡ್ಬೇಕು," ಎಂದಳು ಹಲ್ಲಮ್ಮ. "ನಂಗೂ ಒಂದ್ಸಲ ನೋಡ್ಬೇಕು." ಅಷ್ಟು ಹೇಳಿ ಮೇಜಿನ ಅಂಚು ಹಿಡಿದುಕೊಂಡಳು. ಮುದುಕರು ತಾವು ಕೂತಿದ್ದ ಕುರ್ಚಿಯನ್ನು ಸರಕ್ಕನೆ ಅವಳ ಕಡೆ ಎಳೆದರು, ಅಕ್ಕ ರಟ್ಟೆ ಹಿಡಿದು ಕೂರಿಸಿದಳು, ಸಭಾಂಗಣದವರೆಲ್ಲ ತಿರುಗಿ ನೋಡುವ ಹಾಗೆ ಅವಳು ಅತ್ತಳು.